ಅಳತೆ ತೆಗೆಯದ ಕೈ

ಊರಿಗೆಲ್ಲ ಪೆನ್ನು ಮಾಡಿಕೊಡುವ ಮನುಷ್ಯನ ಹೆಂಡತಿಯೇ ಬಾಲ್‌ಪೆನ್ನಿನಲ್ಲಿ ಬರೆಯುತ್ತಾಳೆಂದರೆ ಆ ಮನುಷ್ಯ ತಲೆ ಎತ್ತಿಕೊಂಡು ಓಡಾಡುವುದು ಹೇಗೆ? ಪೆನ್ನಪ್ಪನವರ ಬಾಳಿನ ಏಕೈಕ ದುಃಖ ಇದು. (ಬೇರೆ ದುಃಖಗಳೂ ಇದ್ದವು. ಅವನ್ನೆಲ್ಲ ಅವರು ಇದರ ತಲೆಗೇ ಕಟ್ಟುತ್ತಿದ್ದರು.)

ಪೆನ್ನಪ್ಪ ಎಂಬುದು ಬೀದಿಯವರು ಇಟ್ಟ ಹೆಸರು. ಅವರ ಮನೆಯ ಮುಂದಿನ ಕೋಣೆಯಲ್ಲಿ ಒಂದು ಲೇತು, ಕಿಟಕಿಯ ಪಕ್ಕ ಒಂದು ಮೇಜು, ಮೇಜಿನ ಮೇಲೆ ನಿಬ್ಬುಗಳ ಡಬ್ಬಿ, ಶಾಯಿ ಸೀಸೆ, ಗಾಜಿನ ಡ್ರಾಪರ್. ರೂಲುದೊಣ್ಣೆಯಂಥ ಎಬೊನೈಟ್ ಎಂಬ ಕರಿ ಗಟ್ಟಿರಬ್ಬರಿನ ಸರಳು ಲೇತಿನಲ್ಲಿ ತಿರುಗತೊಡಗಿದರೆ ಸುರುಳಿ ಸುರುಳಿಯಾಗಿ ಹೊಟ್ಟು ಉದುರಿ, ಮನೆಯೆಲ್ಲ ಸುಟ್ಟ ರಬ್ಬರಿನ ವಾಸನೆ. ಅವರು ಮಾಡುವ ಪೆನ್ನಿಗೆ ರೀಫಿಲ್ಲಿಲ್ಲ, ಒಳಗೊಂದು ನಳಿಗೆಯಿಲ್ಲ; ಒಡಲೇ ಶಾಯಿಯ ತೊಟ್ಟಿ. ಕುತ್ತಿಗೆ ತಿರುಗಿಸಿ ಬಿಚ್ಚಿ, ಡ್ರಾಪರಿನಿಂದ ಹನಿ ಹನಿಯಾಗಿ ತುಂಬಿಸಬೇಕು.

"ಹೊಟ್ಟೆ ತುಂಬ ಹಾಕಿ, ದುಡಿಯುತ್ತೆ. ಅರೆಹೊಟ್ಟೇಲಿ ಇಟ್ರೆ ಕೈ ಕಾವಿಗೆ ಕಕ್ಕಿಬಿಡುತ್ತೆ" ಎಂದು ಗಿರಾಕಿಗಳಿಗೆ ಅವರು ಹೇಳುವುದು ವಾಡಿಕೆ.

"ಮಾಡಿದವರೂ ಹಾಗೇ" ಎಂದು ಒಳಗಿನಿಂದ ಹೆಂಡತಿ ಸೇರಿಸುವುದೂ ವಾಡಿಕೆ.

ಹೆಂಡತಿ ಶಾಲೆಯಲ್ಲಿ ಮೇಡಂ. ಮನೆಯಲ್ಲೂ ಮೇಡಮ್ಮೇ.

ಪೆನ್ನಪ್ಪನವರಿಗೆ ಒಂದು ವ್ರತವಿತ್ತು: ಕೈ ಹಿಡಿದು ನೋಡದೆ ಯಾರಿಗೂ ಪೆನ್ನು ಮಾಡುತ್ತಿರಲಿಲ್ಲ. ಗಿರಾಕಿ ಬಂದು ಕುಳಿತೊಡನೆ "ಕೈ ಕೊಡಿ" ಎನ್ನುವರು. ನಾಡಿ ನೋಡುವ ವೈದ್ಯರಂತೆ ಕಣ್ಣು ಮುಚ್ಚಿ, ಬೆರಳುಗಳ ಗಂಟು ಒತ್ತಿ, ಅಂಗೈ ಸವರಿ, ತೀರ್ಪು ಕೊಡುವರು. ಬಿಸಿ ಕೈಯವರಿಗೆ ಒಡಲಿನ ಗೋಡೆ ದಪ್ಪ, ಬೆವರುವ ಕೈಯವರಿಗೆ ಹಿಡಿಯಲ್ಲಿ ಗೀರು, ಒತ್ತಿ ಬರೆಯುವವರಿಗೆ ಗಡುಸು ನಿಬ್ಬು. ಒಮ್ಮೆ ಒಬ್ಬ ವಕೀಲರ ಕೈ ಹಿಡಿದು, "ನೀವು ಬರೆಯೋದೇ ಇಲ್ಲ, ಗುಮಾಸ್ತನ ಕಳಿಸಿ" ಎಂದದ್ದು ಆ ಬೀದಿಯಲ್ಲಿ ಇಂದಿಗೂ ಚಾಲ್ತಿಯಲ್ಲಿರುವ ಕಥೆ.

"ಕಂಡವರ ಕೈಯೆಲ್ಲ ಹಿಡೀತೀರಿ" ಎಂದು ಮೇಡಂ ಮೂದಲಿಸುವರು. "ನಿಮ್ಮಷ್ಟು ಕೈ ಹಿಡಿದ ಗಂಡಸು ಈ ಊರಲ್ಲಿ ಇನ್ನೊಬ್ಬ ಇಲ್ಲ."

"ಅದು ಶಾಸ್ತ್ರ ಕಣೇ. ಕೈ ನೋಡದೆ ಪೆನ್ನು ಮಾಡೋದೂ ಕಾಲು ನೋಡದೆ ಚಪ್ಪಲಿ ಹೊಲಿಯೋದೂ ಒಂದೇ."

ಇಂಥ ಶಾಸ್ತ್ರಜ್ಞರು ಮದುವೆಯಾದ ಹೊಸದರಲ್ಲಿ ಹೆಂಡತಿಗೊಂದು ಪೆನ್ನು ಮಾಡಿಕೊಟ್ಟಿದ್ದರು. ಹೊಸ ಹೆಂಡತಿಯನ್ನು "ಕೈ ಕೊಡಿ" ಎಂದು ಕೇಳಲು ನಾಚಿಕೆಯಾಗಿ, ಅಂದಾಜಿನ ಮೇಲೆ ಮಾಡಿದ್ದು. ಕೆಲವೇ ದಿನಕ್ಕೆ ಆ ಪೆನ್ನು ಬೀರು ಸೇರಿತು. ಮೇಡಂ ಕೈಗೆ ಬಾಲ್‌ಪೆನ್ನು ಬಂತು. ಯಾಕೆಂದು ಪೆನ್ನಪ್ಪನವರು ಕೇಳಲಿಲ್ಲ. ಕೇಳದೆ ಉಳಿದ ಪ್ರಶ್ನೆ ಮಗಳು ಕಾಲೇಜು ಸೇರುವಷ್ಟು ಕಾಲ ಎದೆಯಲ್ಲಿ ಮುಳ್ಳಾಗಿ ಕುಳಿತಿತ್ತು. ಮೇಡಂ ಉತ್ತರಪತ್ರಿಕೆ ತಿದ್ದಲು ಕುಳಿತರೆ ಸಾಕು, ಅವರು ಮುಖ ತಿರುಗಿಸಿಕೊಂಡು ಲೇತಿನ ಕಡೆ ನಡೆದುಬಿಡುವರು. ಎಬೊನೈಟ್ ಸರಳಿನ ಪಾರ್ಸಲ್ ಬಂದಾಗ ಬಾಗಿಲಲ್ಲಿ ನಿಂತು ಸಹಿ ಹಾಕುವುದೂ ಮೇಡಮ್ಮೇ. ಆಗಲೂ ಪೆನ್ನಪ್ಪನವರು ಸರಳನ್ನು ಮೂಸುತ್ತ ಬೆನ್ನು ತೋರಿಸಿ ನಿಂತಿರುತ್ತಿದ್ದರು. ಆ ಪ್ಲಾಸ್ಟಿಕ್ ಕಡ್ಡಿಯನ್ನು ಕಣ್ಣಿಂದ ನೋಡಲಾರೆ ಎಂಬುದು ಅವರ ಘೋಷಿತ ನೀತಿ.

ಹೀಗಿರುವಾಗ ಮೇಡಂ ಹೆಡ್‌ಮೇಡಂ ಆದರು.

ಸುದ್ದಿ ಕೇಳಿದ್ದೇ ಪೆನ್ನಪ್ಪನವರಿಗೆ ಒಂದು ದಿವ್ಯ ಯೋಚನೆ ಹೊಳೆಯಿತು. ಹೊಸ ಕುರ್ಚಿಯಲ್ಲಿ ಕುಳಿತು ಹಾಕುವ ಮೊದಲ ಸಹಿ ತನ್ನ ಪೆನ್ನಿನಲ್ಲೇ ಆಗಬೇಕು. ಗುಟ್ಟಾಗಿ ಮಾಡಬೇಕು, ಕೈ ಕೇಳಿದರೆ ಗುಟ್ಟು ಕೆಡುತ್ತದೆ. ಅದೂ ಅಲ್ಲದೆ ಕೇಳುವುದೇನಿದೆ? ದಿನಾ ಊಟ ಬಡಿಸುವ ಕೈ, ಸೌಟು ಹಿಡಿಯುವ ಕೈ, ಬೆರಳು ತೋರಿಸಿ ಬೈಯುವ ಕೈ. ಅದರ ಅಳತೆ ತನಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು?

ಮೇಡಂ ಶಾಲೆಗೆ ಹೋದ ಮೇಲೆ ಲೇತು, ಬರುವ ಮೊದಲೇ ಪೊರಕೆ. ಕಪ್ಪಿನ ನಡುವೆ ಜೇನುಬಣ್ಣದ ಗೆರೆಗಳಿದ್ದ ಒಂದು ಸರಳನ್ನು ಯಾವ ಗಿರಾಕಿಗೂ ಕೊಡದೆ ಎತ್ತಿಟ್ಟಿದ್ದರು, ಅದನ್ನೇ ಕಡೆದರು. ನಿಬ್ಬನ್ನು ಬಲಗೈಯ ಓರೆಗೆ ಕೂದಲೆಳೆಯಷ್ಟು ವಾಲಿಸಿ ಉಜ್ಜಿದರು. ಹೆಡ್‌ಮೇಡಂ ಸಹಿಯಲ್ಲಿ ಜಿಪುಣತನ ಕಾಣಬಾರದೆಂದು ಶಾಯಿ ಧಾರಾಳವಾಗಿ ಇಳಿಯುವಂತೆ ನಿಬ್ಬಿನಡಿಯ ನಾಲಿಗೆಯಲ್ಲಿ ಶಾಯಿ ಹರಿಯುವ ಗೀರನ್ನು ಅಗಲ ಮಾಡಿದರು.

ಅಧಿಕಾರ ವಹಿಸಿಕೊಳ್ಳುವ ಹಿಂದಿನ ಸಂಜೆ ಪೆನ್ನನ್ನು ಕೈಗಿತ್ತಾಗ ಮೇಡಂ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಏನೋ ಹೇಳಲು ಬಾಯಿ ತೆರೆದರು. ಗಂಡನ ಮುಖ ನೋಡಿದರು. ಬಾಯಿ ಮುಚ್ಚಿಕೊಂಡರು.

"ಚೆನ್ನಾಗಿದೆ ಕಣ್ರೀ. ತುಂಬಾ ಚೆನ್ನಾಗಿದೆ."

"ನಾಳೆ ಇದರಲ್ಲೇ ಸಹಿ. ಎಲ್ಲಿ, ಆ ಕಡ್ಡಿ ಇತ್ತ ಕೊಡು." ಮೇಡಂ ಚೀಲಕ್ಕೆ ಕೈ ಹಾಕಿ ಬಾಲ್‌ಪೆನ್ನನ್ನು ಎರಡು ಬೆರಳಿನಲ್ಲಿ, ಸತ್ತ ಜಿರಲೆ ಹಿಡಿದಂತೆ ಹಿಡಿದು, ಕಸದ ಬುಟ್ಟಿಗೆ ಬಿಟ್ಟರು. "ಇನ್ನೊಂದು ಸಲ ಇದು ನನ್ನ ಕಣ್ಣಿಗೆ ಬೀಳಬಾರದು."

ಮಗಳು ಮೊಬೈಲಿನಿಂದ ತಲೆ ಎತ್ತಿ, "ಅಮ್ಮಾ, ನೀನು ಅಪ್ಪನಿಗೆ ಹೇಳ್ಳಿಲ್ವಾ?" ಎಂದಳು.

"ನೀನು ಓದ್ಕೋ ಹೋಗು" ಎಂದರು ಮೇಡಂ.

ಮರುದಿನ ಶಾಲೆಯ ಸಭಾಂಗಣ. ಮೊದಲ ಸಾಲಿನಲ್ಲಿ ಇಸ್ತ್ರಿ ಅಂಗಿ ತೊಟ್ಟ ಪೆನ್ನಪ್ಪನವರು, ಪಕ್ಕದಲ್ಲಿ ಡ್ರಾಯಿಂಗ್ ಮೇಷ್ಟ್ರು. ವೇದಿಕೆಯ ಮೇಲೆ ನಿವೃತ್ತರಾಗುವ ಹೆಡ್‌ಮಾಸ್ತರು, ತೊಳೆದಿಟ್ಟ ಹಾಗೆ ಬೆಳ್ಳಗಿರುವ ಅಂಗಿ.

"ಪೆನ್ನು ನೋಡ್ತಾ ಇರಿ" ಎಂದು ಪೆನ್ನಪ್ಪನವರು ಮೇಷ್ಟರ ಮೊಣಕೈ ತಿವಿದರು.

"ಪೆನ್ನೇನು ಸಾರ್, ಮೇಡಂ ಕೈ ಸಾಕು. ಬೋರ್ಡಿನ ಮೇಲೆ ಮುತ್ತು ಪೋಣಿಸ್ತಾರೆ. ಎಡಗೈಯಲ್ಲಿ ಅಷ್ಟು ದುಂಡಾಗಿ ಬರೆಯೋರನ್ನ ನಾನು ಕಂಡೇ ಇಲ್ಲ."

"ಯಾವ ಕೈಯಲ್ಲಿ?"

"ಎಡಗೈಯಲ್ಲಿ. ನಿಮಗೆ ಗೊತ್ತಿಲ್ಲದ್ದಾ?"

"ಗೊತ್ತು, ಗೊತ್ತು" ಎಂದರು ಪೆನ್ನಪ್ಪನವರು.

ವೇದಿಕೆಯ ಮೇಲೆ ಮೇಡಂ ಕುಳಿತರು. ಬಲಗೈಯಿಂದ ಪೆನ್ನಿನ ಟೋಪಿ ಬಿಚ್ಚಿದರು. ಪೆನ್ನು ಎಡಗೈಗೆ ಹೋಯಿತು. ಕೈಯನ್ನು ಕೊಕ್ಕರೆಯ ಕುತ್ತಿಗೆಯಂತೆ ಬಗ್ಗಿಸಿ, ಅಂಗೈ ಹಾಳೆಗೆ ತಾಗದಂತೆ ಎತ್ತಿಹಿಡಿದು, ಉಸಿರು ಬಿಗಿಹಿಡಿದು ಬರೆಯತೊಡಗಿದರು. ಶಾಯಿ ಧಾರಾಳವಾಗಿಯೇ ಇಳಿಯಿತು. ಮೇಡಂ ಹೆಸರು ಉದ್ದ. ಹೆಸರಿನ ಕೊನೆ ಮುಟ್ಟುವಷ್ಟರಲ್ಲಿ ಕೈ ಸೋತು ಹಾಳೆಗಿಳಿಯಿತು, ಹಿಂದಿನ ಅಕ್ಷರಗಳ ಮೇಲೆ ಸವಾರಿ ಮಾಡಿತು. ಬಲಕ್ಕೆ ವಾಲಿಸಿ ಉಜ್ಜಿದ್ದ ನಿಬ್ಬು ಎಡಗೈಯ ತಳ್ಳಾಟಕ್ಕೆ ಮುನಿದು ಹಾಳೆಗೆ ಕಚ್ಚಿಕೊಂಡಿತು. ಮೇಡಂ ಮೆಲ್ಲಗೆ ಎಳೆದರು. ನಿಬ್ಬು ಚಿಮ್ಮಿತು. ನಿವೃತ್ತ ಹೆಡ್‌ಮಾಸ್ತರ ಅಂಗಿಯ ಮೇಲೆ ನಕ್ಷತ್ರಗಳು ಮೂಡಿದವು. ಗಾಬರಿಯಲ್ಲಿ ಮೇಡಂ ಮೂಗು ಮುಟ್ಟಿಕೊಂಡರು. ಮೂಗಿನ ತುದಿಯೂ ನೀಲಿಯಾಯಿತು.

ಮಕ್ಕಳು ನಕ್ಕರು. ಮೇಡಂ ಒಂದು ಕ್ಷಣ ಅವರನ್ನು ನೋಡಿ ತಾವೂ ನಕ್ಕುಬಿಟ್ಟರು. "ಪೆನ್ನು ಖುಷಿಯಾಗಿದೆ, ತಡೆಯೋಕೆ ಆಗ್ಲಿಲ್ಲ" ಎಂದರು. ಸಭೆ ಚಪ್ಪಾಳೆ ತಟ್ಟಿತು. ಪೆನ್ನಪ್ಪನವರು ಮಾತ್ರ ಕುರ್ಚಿಯಲ್ಲೇ ಕುಗ್ಗುತ್ತ ಕುಗ್ಗುತ್ತ ಕೊರಳಪಟ್ಟಿಯೊಳಗೆ ಅಡಗಿದರು.

ಮನೆಗೆ ಬಂದು ಮೇಡಂ ನಲ್ಲಿಯ ಕೆಳಗೆ ಕೈ ಉಜ್ಜುತ್ತಿದ್ದರು. ಪೆನ್ನಪ್ಪನವರು ಬಾಗಿಲ ಚೌಕಟ್ಟಿಗೆ ಒರಗಿ ನಿಂತರು.

"ಊಟ ಬಲಗೈಲಿ ಮಾಡ್ತೀಯ."

"ಹೌದು. ಹಾಗೆ ಕಲಿಸಿದ್ರು."

"ಸೌಟು ಬಲಗೈ. ಚಾಕು ಬಲಗೈ."

"ಬರೆಯೋದೊಂದು ಎಡಗೈ. ಎಷ್ಟು ಹೊಡೆದರೂ ಅದೊಂದು ಬದಲಾಗ್ಲಿಲ್ಲ. ಆದ್ರೆ ಇಷ್ಟು ವರ್ಷ ಒಂದು ಸಲಾನೂ ನೋಡಿಲ್ವೇನ್ರೀ ನೀವು?"

ಪೆನ್ನಪ್ಪನವರು ಯೋಚಿಸಿದರು. ಬಾಲ್‌ಪೆನ್ನು ಕಂಡೊಡನೆ ಮುಖ ತಿರುಗಿಸುವವನಿಗೆ ಅದು ಯಾವ ಕೈಯಲ್ಲಿದೆಯೆಂದು ಹೇಗೆ ಗೊತ್ತಾಗಬೇಕು? ಈ ಉತ್ತರವನ್ನು ಗಟ್ಟಿಯಾಗಿ ಹೇಳುವ ಧೈರ್ಯ ಬರಲಿಲ್ಲ.

"ನೀನಾದ್ರೂ ಹೇಳಬಾರದಿತ್ತಾ?"

ಮೇಡಂ ನಲ್ಲಿ ನಿಲ್ಲಿಸಿದರು. "ಮೊದಲನೇ ಪೆನ್ನು ಕೊಟ್ರಲ್ಲ, ಎರಡು ಸಾಲು ಬರೆಯೋದ್ರೊಳಗೆ ಮೊಣಕೈವರೆಗೆ ನೀಲಿ. ಹೇಳಬೇಕು ಅಂತಲೇ ಬಂದೆ. ನೀವು ಲೇತಿನ ಮುಂದೆ ಸುಮ್ನೆ ಕೂತಿದ್ರಿ. ಎಲ್ರೂ ಬಾಲ್‌ಪೆನ್ನು ಹಿಡಿದಿದ್ದ ಕಾಲ. ತಿಂಗಳಾಗಿತ್ತು ಒಬ್ಬ ಗಿರಾಕಿ ಬಂದು. ಲೇತು ಮಾರಿಬಿಡ್ಲಾ ಅಂತ ನನ್ನೇ ಕೇಳಿದ್ರಿ. ಆವಾಗ ಹೆಂಡತೀನೂ ಬಂದು, ನಿಮ್ಮ ಪೆನ್ನು ನನಗೆ ಒಗ್ಗಲ್ಲ ಅಂದಿದ್ರೆ?"

ಪೆನ್ನಪ್ಪನವರು ಟವೆಲು ತೆಗೆದು ಚಾಚಿದರು.

"ಆಮೇಲೆ ಹೇಳೋಣ ಅಂದ್ಕೊಂಡೆ. ಆಮೇಲೆ ಗಿರಾಕಿಗಳು ಬಂದ್ರು. ನೀವು ಕಂಡವರ ಕೈಯೆಲ್ಲ ಹಿಡಿಯೋದ್ರಲ್ಲಿ ಬಿಜಿಯಾದ್ರಿ."

ಇಷ್ಟು ಕಾಲ ಎದೆಯಲ್ಲಿ ಕುಳಿತಿದ್ದ ಮುಳ್ಳು ಮುಳ್ಳೇ ಅಲ್ಲ. ಯಾರೋ ತನಗೆ ಗೊತ್ತಾಗದಂತೆ ಗೋಡೆಗೆ ಕೊಟ್ಟಿದ್ದ ಆಸರೆಗೋಲು. ಪೆನ್ನಪ್ಪನವರ ಕಣ್ಣು ಮಂಜಾಯಿತು. ಅದನ್ನು ಮರೆಸಲು ಅನುಮಾನದಿಂದ ಮಗಳ ಕಡೆ ತಿರುಗಿದರು.

"ನೀನು ಯಾವ ಕೈಯೇ?"

"ನಾನು ಎರಡು ಹೆಬ್ಬೆರಳು" ಎಂದು ಮಗಳು ಮೊಬೈಲ್ ತೋರಿಸಿದಳು.

ಆ ಸಂಜೆಯೇ ಪೆನ್ನಪ್ಪನವರು ಮೇಡಮ್ಮನ್ನು ಗಿರಾಕಿಯ ಕುರ್ಚಿಯಲ್ಲಿ ಕೂರಿಸಿ, ಕೆಮ್ಮಿ, ಗಂಟಲು ಸರಿಮಾಡಿಕೊಂಡು, "ಕೈ ಕೊಡಿ" ಎಂದರು. ಮೇಡಂ ಎಡಗೈ ಚಾಚಿದರು. ಮಧ್ಯದ ಬೆರಳಿನ ಪಕ್ಕದಲ್ಲಿ ಬರೆದು ಬರೆದು ಕಟ್ಟಿದ ಗಂಟು, ಕಿರುಬೆರಳಿನಲ್ಲಿ ಸೀಮೆಸುಣ್ಣಕ್ಕೆ ಒಡೆದ ಚರ್ಮ. ಕೈ ಬಿಸಿ, ದಪ್ಪ ಗೋಡೆ ಬೇಕು. ಎಂದಿಗಿಂತ ಹೆಚ್ಚು ಹೊತ್ತು ಅಳತೆ ನಡೆಯಿತು.

"ಎಲ್ಲಾ ಗಿರಾಕಿಗಳಿಗೂ ಇಷ್ಟು ಹೊತ್ತು ಬೇಕಾ?" ಎಂದರು ಮೇಡಂ.

"ಸುಮ್ನಿರು, ಲೆಕ್ಕ ತಪ್ಪುತ್ತೆ."

ಎಡಗೈಯ ಪೆನ್ನು ಪರೀಕ್ಷಿಸಲು ಎಡಗೈಯಲ್ಲೇ ಬರೆಯಬೇಕಲ್ಲ. ಪೆನ್ನಪ್ಪನವರು ಅಕ್ಷರಾಭ್ಯಾಸವನ್ನು ಹೊಸದಾಗಿ ಶುರುಮಾಡಿದರು. ಕೋಳಿ ಕೆದರಿದ ಹಾಗಿದ್ದ ಹಾಳೆಗಳನ್ನು ಹೆಡ್‌ಮೇಡಂ ಊಟದ ಹೊತ್ತಿಗೆ ತಿದ್ದಿ, "ಪರವಾಗಿಲ್ಲ, ಸುಧಾರಿಸ್ತಿದ್ದೀರಿ" ಎಂದು ವಾಪಸು ಕೊಡುತ್ತಿದ್ದರು. ಅಂಗಿಯ ತೋಳುಗಳು ನೀಲಿಯಾದವು. ನಿಬ್ಬಿನ ಓರೆ ಎಡಕ್ಕೆ ವಾಲಿತು, ಶಾಯಿಯ ಧಾರಾಳ ಕಡಿಮೆಯಾಯಿತು, ಬೇಗ ಒಣಗುವ ಶಾಯಿ ಬಂತು. ಕೊನೆಗೊಂದು ದಿನ ಮೇಡಂ ಒಂದು ಪುಟ ಪೂರ್ತಿ ಬರೆದು, ಪೆನ್ನು ಕೆಳಗಿಟ್ಟು, ಎಡಗೈಯನ್ನು ತಿರುಗಿಸಿ ತೋರಿಸಿದರು. ಅಂಗೈಯ ಅಂಚು ಬೆಳ್ಳಗಿತ್ತು.

ಪೆನ್ನಪ್ಪನವರಿಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಬೇಕಿರಲಿಲ್ಲ. ಲೇತಿಗೆ ಎಣ್ಣೆ ಹಾಕಿ ಮೈದಡವಿದರು. ಕಥೆ ಇಲ್ಲಿಗೇ ನಿಂತಿದ್ದರೆ ಅವರ ಮರ್ಯಾದೆಯೂ ನಿಲ್ಲುತ್ತಿತ್ತು.

ಅಷ್ಟರಲ್ಲಿ ಸರಳಿನ ಪಾರ್ಸಲ್ ಬಂತು. ಮೇಡಂ ಶಾಲೆಯಲ್ಲಿದ್ದರು. ಪಾರ್ಸಲ್ಲಿನವನು ಚಾಚಿದ ಚೀಟಿಯ ಮೇಲೆ ಪೆನ್ನಪ್ಪನವರು ಜೇಬಿನಿಂದ ತಮ್ಮ ಪೆನ್ನು ತೆಗೆದು ವೈಭವದಿಂದ ಸಹಿ ಹಾಕಿದರು.

"ಕೆಳಗಡೆ ಮೂಡಿಲ್ಲ ಸಾರ್" ಎಂದು ಅವನು ಚೀಟಿಯ ಹಿಂದಿನ ಹಾಳೆಗಳನ್ನು ಎತ್ತಿ ತೋರಿಸಿದ. ನಡುವೆ ಕಾರ್ಬನ್ ಇತ್ತು. "ಒತ್ತಿ ಬರೀಬೇಕು."

ಒತ್ತಿದರು. ನಿಬ್ಬಿನ ಎರಡು ಕಾಲುಗಳೂ ಒಂದೊಂದು ದಿಕ್ಕಿಗೆ ಹೋದವು.

"ಬಾಲ್‌ಪೆನ್ ಇಲ್ವಾ ಸಾರ್? ಮೇಡಂ ಯಾವಾಗ್ಲೂ ಅದರಲ್ಲೇ ಹಾಕ್ತಿದ್ರು. ನನ್ನದನ್ನ ಹಿಂದಿನ ಮನೆಯವರು ಇಟ್ಕೊಂಡ್ಬಿಟ್ರು. ಕೆಳಗೆ ಮೂಡದಿದ್ರೆ ಪಾರ್ಸಲ್ ವಾಪಸು ತಗೊಂಡು ಹೋಗಬೇಕು."

ಮನೆಯೆಲ್ಲ ಹುಡುಕಿದರು. ಪೆನ್ನುಗಳ ಮನೆಯಲ್ಲಿ ಒಂದು ಬಾಲ್‌ಪೆನ್ನು ಸಿಗಲಿಲ್ಲ. ಕಸದ ಬುಟ್ಟಿಗೆ ಹೋದದ್ದು ಕಸದ ಗಾಡಿ ಹತ್ತಿ ಎಂದೋ ಊರು ಬಿಟ್ಟಿತ್ತು. ಕೊನೆಗೆ ಪೆನ್ನಪ್ಪನವರು ರಸ್ತೆ ದಾಟಿ ಎದುರಿನ ಪುಸ್ತಕದಂಗಡಿಗೆ ಹೋದರು. ಬಾಲ್‌ಪೆನ್ನು ಮಾರುತ್ತಾನೆಂಬ ಒಂದೇ ಕಾರಣಕ್ಕೆ ಆ ಅಂಗಡಿಯವನ ಜೊತೆ ಅವರು ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು.

"ಒಂದು ಬಾಲ್‌ಪೆನ್ನು" ಎಂದರು, ಸಾಧ್ಯವಾದಷ್ಟು ಸಣ್ಣ ದನಿಯಲ್ಲಿ.

ಅಂಗಡಿಯವನು ಕನ್ನಡಕ ಹಣೆಗೇರಿಸಿ ಅವರನ್ನೇ ನೋಡಿದ. ಆತುರಪಡಲಿಲ್ಲ. ಗಲ್ಲಾದ ಮೇಲಿನಿಂದ ಅಂಗೈ ಚಾಚಿದ.

"ಕೈ ಕೊಡಿ" ಎಂದ. "ಅಳತೆ ನೋಡದೆ ನಾನು ಯಾರಿಗೂ ಪೆನ್ನು ಕೊಡಲ್ಲ."

ಪೆನ್ನಪ್ಪನವರು ಕೈ ಕೊಟ್ಟರು. ಪಾರ್ಸಲ್ ಕಾಯುತ್ತಿತ್ತು.

ಸಂಜೆ ಮೇಡಂ ಬಂದಾಗ ಹೊಸ ಬಾಲ್‌ಪೆನ್ನು ಬಾಗಿಲ ಪಕ್ಕದ ಮೊಳೆಯಲ್ಲಿ, ದಾರಕ್ಕೆ ಕಟ್ಟಿಸಿಕೊಂಡು, ಮನೆಯ ಕಾವಲಿಗೆ ನಿಂತಂತೆ ತೂಗುತ್ತಿತ್ತು. ಕೆಳಗೆ ಗೋಡೆಗೆ ಒರಗಿಸಿದ ಹೊಸ ಸರಳುಗಳು. ಇಷ್ಟು ವರ್ಷ ಒಂದೊಂದು ಸರಳನ್ನೂ ಒಳಗೆ ಬಿಟ್ಟುಕೊಂಡದ್ದು ಆ ಕಡ್ಡಿಯೇ, ಅದನ್ನು ಹಿಡಿದಿದ್ದ ಎಡಗೈಯೇ ಎಂದು ಪೆನ್ನಪ್ಪನವರಿಗೆ ಈಗ ಗೊತ್ತಿತ್ತು. ಹೇಗೆ ಹೇಳಬೇಕೆಂದು ತಿಳಿಯದೆ, "ಟೀ ಮಾಡಿಟ್ಟಿದ್ದೀನಿ" ಎಂದರು.

ಮೇಡಂ ಟೀ ಲೋಟ ಎತ್ತಿಕೊಂಡರು. ಮೊಳೆಯ ಕಡೆ ಒಮ್ಮೆ ನೋಡಿದರು. ಹೆಗಲ ಚೀಲದಲ್ಲಿದ್ದ ತಮ್ಮ ಪೆನ್ನಿನ ಮೇಲೆ ಎಡಗೈ ಇಟ್ಟು, ಗಂಡ ಮಾಡುತ್ತಿದ್ದಂತೆಯೇ ಮುಖ ತಿರುಗಿಸಿ, ಲೇತಿನ ಕಡೆ ನಡೆದರು.

"ಆ ಪ್ಲಾಸ್ಟಿಕ್ ಕಡ್ಡೀನ ನಾನು ಕಣ್ಣಿಂದ ನೋಡಲಾರೆ ಕಣ್ರೀ."