ಒಗೆಯಬಾರದ ಪ್ಯಾಂಟು

ಗಂಡಸಿಗೆ ನಲವತ್ತೈದು ದಾಟಿದ ಮೇಲೆ ಏನಾದರೊಂದು ಹುಚ್ಚು ಹಿಡಿದೇ ಹಿಡಿಯುತ್ತದೆ ಎನ್ನುವುದು ನನ್ನ ಹೆಂಡತಿ ಸುಧಾಳ ಸಿದ್ಧಾಂತ. ಕೆಲವರಿಗೆ ದೇವರು, ಕೆಲವರಿಗೆ ಸೈಟು, ಕೆಲವರಿಗೆ ಬೆಳಗಿನ ವಾಕಿಂಗು. ನಮ್ಮ ಪಕ್ಕದ ಮನೆಯವರಿಗೆ ಜ್ಯೋತಿಷ್ಯ ಹಿಡಿದು, ಈಗ ಅವರು ಗೇಟು ತೆಗೆಯಬೇಕಾದರೂ ರಾಹುಕಾಲ ನೋಡುತ್ತಾರೆ. ನನಗೆ ಹಿಡಿದದ್ದು ಪ್ಯಾಂಟು. ಅದೂ ಒಂದೇ ಒಂದು ಪ್ಯಾಂಟು, ಜಪಾನಿನದು. "ಕುಡಿಯೋ ಗಂಡ ಆಗಿದ್ರೆ ನಾಲ್ಕು ಜನದ ಹತ್ರ ಹೇಳ್ಕೊಂಡು ಅಳಬೋದಿತ್ತು ಕಣ್ರೀ. ಪ್ಯಾಂಟಿನ ಹುಚ್ಚು ಅಂತ ಯಾರ ಹತ್ರ ಹೇಳ್ಲಿ?" ಎಂದು ಅವಳು ಕೇಳಿದಳು. ಇವತ್ತಿಗೂ ಅವಳು ಯಾರ ಹತ್ತಿರವೂ ಹೇಳಿಲ್ಲ. ಆದ್ದರಿಂದ ನಾನೇ ನಿಮ್ಮ ಹತ್ತಿರ ಹೇಳಿಕೊಳ್ಳುತ್ತಿದ್ದೇನೆ.

ನಾನು ಬಿಡದಿಯ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವವನು. ಮನೆ ರಾಮನಗರದಲ್ಲಿ, ಓಡಾಟ ರೈಲಿನಲ್ಲಿ. ನಮ್ಮಲ್ಲಿಗೆ ಜಪಾನಿನಿಂದ ಬಂದು ಹೋಗುವ ಇಂಜಿನಿಯರುಗಳಲ್ಲಿ ಹಯಾಶಿ ಎಂಬುವರೊಬ್ಬರು ಇದ್ದರು. ಅರವತ್ತರ ಹತ್ತಿರದ, ಮೆತ್ತಗೆ ಮಾತಾಡುವ ಮನುಷ್ಯ. ಅವರಿಗೆ ಬರುವ ಇಂಗ್ಲಿಷು ನನಗೆ ಬರುವ ಇಂಗ್ಲಿಷಿಗಿಂತ ಒಂದು ಗುಲಗಂಜಿ ಕಮ್ಮಿ. ಹಾಗಾಗಿ ನಮ್ಮಿಬ್ಬರಿಗೂ ಬಹಳ ಚೆನ್ನಾಗಿ ಅರ್ಥವಾಗುತ್ತಿತ್ತು. ಒಂದು ಭಾನುವಾರ ತಟ್ಟೆ ಇಡ್ಲಿ ಹೋಟೆಲಿನಲ್ಲಿ ಸಿಕ್ಕರು. ಕಾರ್ಖಾನೆಯ ಯೂನಿಫಾರಂ ಇಲ್ಲ. ಹಳೆಯದೊಂದು ನೀಲಿ ಜೀನ್ಸ್ ಪ್ಯಾಂಟು, ಕೆಳಗೆ ಎರಡು ಮಡಿಕೆ. ಮಡಿಕೆಯ ಒಳಗಡೆ ಬಟ್ಟೆಯ ಅಂಚು, ಅಂಚಿನಲ್ಲಿ ಒಂದು ಕೆಂಪು ಗೆರೆ. ನಾನು ರೇಷ್ಮೆ ಊರಿನವನು ನೋಡಿ, ಅಂಚು ಕಂಡರೆ ಕಣ್ಣು ತಾನಾಗಿಯೇ ಹೋಗುತ್ತದೆ. ಸೀರೆಗೆ ಅಂಚು ನೋಡಿ ಕೊಳ್ಳುವುದು ಗೊತ್ತು. ಪ್ಯಾಂಟಿಗೂ ಅಂಚು ಉಂಟೇ ಎಂದು ಕೇಳಿಬಿಟ್ಟೆ. ನನ್ನ ಗ್ರಹಚಾರ ಶುರುವಾದದ್ದೇ ಅಲ್ಲಿಂದ.

ಹಯಾಶಿಯವರು ಇಡ್ಲಿ ಬಿಟ್ಟು ಪ್ಯಾಂಟಿನ ಪುರಾಣ ತೆಗೆದರು. ಅದನ್ನು ಹಳೇ ಕಾಲದ ಸಣ್ಣ ಮಗ್ಗದಲ್ಲಿ ನಿಧಾನವಾಗಿ ನೇಯುತ್ತಾರಂತೆ. ನೂಲನ್ನು ನೀಲಿಯಲ್ಲಿ ಅದ್ದಿ, ಗಾಳಿಗೆ ಹಿಡಿದು, ಮತ್ತೆ ಅದ್ದಿ, ಮತ್ತೆ ಗಾಳಿಗೆ ಹಿಡಿದು ಬಣ್ಣ ಕಟ್ಟುತ್ತಾರಂತೆ. ಆದರೂ ನೂಲಿನ ಹೊಟ್ಟೆ ಬೆಳ್ಳಗೇ ಉಳಿದಿರುತ್ತದಂತೆ. ನೀವು ಉಟ್ಟು ಓಡಾಡಿದ ಹಾಗೆ ಎಲ್ಲಿ ಮಡಿಚುತ್ತೀರೋ, ಎಲ್ಲಿ ಉಜ್ಜುತ್ತೀರೋ ಅಲ್ಲಿ ಮಾತ್ರ ನೀಲಿ ಸವೆದು ಬಿಳಿ ಕಾಣುತ್ತದೆ. ಅದಕ್ಕೇ ಅದನ್ನು ಒಗೆಯಬಾರದು. ಒಂದು ವರ್ಷವಾದರೂ ನೀರು ಸೋಕಿಸಬಾರದು. "ನಿಮ್ಮ ಜೀವನ ಹೇಗೋ, ಪ್ಯಾಂಟು ಹಾಗೆ ಆಗುತ್ತದೆ" ಎಂದರು. ನನ್ನ ಜೀವನ ನೋಡಿದರೆ ಆ ಬಟ್ಟೆಗೆ ಅಯ್ಯೋ ಅನ್ನಿಸಬೇಕಿತ್ತು. ಆದರೆ ಮನುಷ್ಯ ಯೋಚನೆ ಮಾಡುವುದಿಲ್ಲವಲ್ಲ! ರಜಕ್ಕೆ ಊರಿಗೆ ಹೋದವರು ಬರುವಾಗ ನನ್ನ ಅಳತೆಗೆ ಒಂದು ತಂದು ಎರಡೂ ಕೈಯಲ್ಲಿ ಹಿಡಿದು, ಬಗ್ಗಿ, ಕೊಟ್ಟರು. ಅಷ್ಟು ಮರ್ಯಾದೆಯಿಂದ ಯಾರೂ ನನಗೆ ಮದುವೆಯಲ್ಲೂ ಏನನ್ನೂ ಕೊಟ್ಟಿರಲಿಲ್ಲ.

ಈಗ ನಮ್ಮಪ್ಪನ ವಿಷಯ ಹೇಳಬೇಕು. ಅಪ್ಪ ರೀಲರ್. ಅಂದರೆ ಮಾರ್ಕೆಟ್ಟಿನಿಂದ ರೇಷ್ಮೆಗೂಡು ತಂದು, ಕುದಿಯುವ ನೀರಿಗೆ ಹಾಕಿ, ಎಳೆ ಹಿಡಿದು ನೂಲು ತೆಗೆಯುವ ಕೆಲಸ. ಆ ಕೆಲಸದ ವಾಸನೆ ಗೊತ್ತಿದ್ದವರಿಗೆ ಗೊತ್ತು. ಸತ್ತ ಹುಳದ ವಾಸನೆ ಮೈಗೆ ಹತ್ತಿದರೆ ಸೋಪಿಗೂ ಜಗ್ಗುವುದಿಲ್ಲ. ಅದಕ್ಕೇ ಏನೋ, ಅಪ್ಪನಿಗೆ ಕೆಲಸ ಮುಗಿದ ಮೇಲೆ ಬಿಳಿ ಬಟ್ಟೆಯೇ ಆಗಬೇಕು. ಬಿಳಿ ಪಂಚೆ, ಬಿಳಿ ಅಂಗಿ, ಹೆಗಲಿಗೆ ಬಿಳಿ ಟವಲು. ಅದನ್ನು ಅಮ್ಮ ಬದುಕಿದ್ದಾಗ ಅವಳಿಗೂ ಒಗೆಯಲು ಬಿಡುತ್ತಿರಲಿಲ್ಲ. ತಾನೇ ಒಗೆದು, ಕೊನೆಯ ಬಕೆಟ್ಟಿಗೆ ಹನಿ ಎಣಿಸಿ ನೀಲಿ ಬಿಟ್ಟು, ಕೈಯಾಡಿಸಿ, ಆ ನೀರಿನಲ್ಲಿ ಅದ್ದಿ ತೆಗೆಯುತ್ತಿದ್ದ. ಕೇರಿಯಲ್ಲಿ ಯಾರ ಮನೆಯ ಮದುವೆಯಾದರೂ ಫೋಟೋದಲ್ಲಿ ಮೊದಲು ಕಾಣುವುದು ನಮ್ಮಪ್ಪ, ಆಮೇಲೆ ಮದುವೆ ಹೆಣ್ಣು.

ಅಂಥವನ ಮುಂದೆ ನಾನು ಕಡುನೀಲಿ ಪ್ಯಾಂಟು ಹಾಕಿಕೊಂಡು ನಿಂತೆ. ಅಪ್ಪ ಹತ್ತಿರ ಕರೆದು, ತೊಡೆಯ ಮೇಲಿನ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿದ. "ನೂಲು ಏರುಪೇರು ಐತಲ್ಲೋ. ಒಂದ್ಕಡೆ ದಪ್ಪ, ಒಂದ್ಕಡೆ ಸಣ್ಣ. ಇಂಥ ನೂಲ ನಾನು ತೆಗ್ದಿದ್ರೆ ಯಾಪಾರಿ ನನ್ನ ಮಕಕ್ಕೆ ಎಸೀತಿದ್ದ."

"ಅಪ್ಪ, ಅದು ಬೇಕು ಅಂತಲೇ ಹಂಗೆ ಮಾಡಿರೋದು. ಅದೇ ಅದರ ಚೆಂದ."

"ಬೇಕು ಅಂತ್ಲೇ?" ಅಪ್ಪ ಇನ್ನೊಮ್ಮೆ ಉಜ್ಜಿದ. "ಹಂಗಾರೆ ನಾನು ಜಪಾನಲ್ಲಿ ಹುಟ್ಟಬೇಕಿತ್ತು ಕಣ್ಲಾ. ಕಲಿಯೋವಾಗ ನಾನು ತೆಗ್ದಿದ್ದೆಲ್ಲ ಹಿಂಗೇ ಇತ್ತು." ಆಮೇಲೆ ಬೆರಳು ನೋಡಿಕೊಂಡ. ಎರಡೂ ಬೆರಳು ನೀಲಿಯಾಗಿದ್ದವು. "ಥೂ, ಬಣ್ಣ ಬುಡ್ತೈತೆ! ಮೋಸ ಮಾಡವ್ರೆ ನಿಂಗೆ" ಎಂದು ಬಚ್ಚಲಿಗೆ ಎದ್ದು ಹೋದ.

ಒಗೆಯದ ಪ್ಯಾಂಟು ಮನೆಯಲ್ಲಿ ಮೂರನೆಯ ಗಂಡಸಿನ ಹಾಗೆ ಸೇರಿಕೊಂಡಿತು. ಬಟ್ಟೆ ಎಷ್ಟು ಬಿರುಸು ಎಂದರೆ ಬಿಚ್ಚಿ ಗೋಡೆಗೆ ಒರಗಿಸಿದರೆ ತಾನಾಗಿಯೇ ನಿಂತಿರುತ್ತಿತ್ತು. ಒಂದು ಮಧ್ಯಾಹ್ನ ಅಪ್ಪ ನಿದ್ದೆಯಿಂದ ಎದ್ದವನು, "ಯಾರ್ಲಾ ಅದು, ಆ ಮೂಲೇಲಿ? ಕರ್ಕೊಂಡೋಗಕ್ಕೆ ಬಂದವ್ರಾ?" ಎಂದು ಕೂಗಿದ. ಪ್ಯಾಂಟು ಎಂದು ತಿಳಿದ ಮೇಲೆ ಅವನ ಸಿಟ್ಟು ಇಳಿಯಲೇ ಇಲ್ಲ. ಯಮನ ಕಡೆಯವರಾಗಿದ್ದರೆ ಅಷ್ಟು ಬೈಯುತ್ತಿರಲಿಲ್ಲವೇನೋ. ಸುಧಾ ಮೂಗಿಗೆ ಸೆರಗು ಹಿಡಿದು, "ಜಪಾನಲ್ಲಿ ನೀರಿಗೆ ಬರ ಏನ್ರೀ?" ಎಂದಳು. ನಾನು ಅವಳಿಗೆ ನೂಲಿನ ಹೊಟ್ಟೆ ಬೆಳ್ಳಗಿರುವ ಸಂಗತಿಯನ್ನು ವಿವರಿಸಿದೆ. "ನಿಮ್ಮ ಹೊಟ್ಟೇಲಿ ಏನೈತೋ ಅದನ್ನ ಮೊದಲು ನೋಡ್ಕೊಳ್ಳಿ" ಎಂದಳು.

ಇಲ್ಲಿಯವರೆಗೂ ನಗುವ ವಿಷಯ. ಆಮೇಲೆ ಅಪ್ಪನಿಗೆ ಲಕ್ವ ಹೊಡೆಯಿತು. ಬಚ್ಚಲಲ್ಲಿ, ನೀಲಿ ಬಿಟ್ಟ ಬಕೆಟ್ಟಿನ ಪಕ್ಕದಲ್ಲೇ ಬಿದ್ದಿದ್ದ. ಎಡಗೈ, ಎಡಗಾಲು ಹೋಯಿತು. ನಾಲಿಗೆ ಮಾತ್ರ ಒಂದು ವಾರದಲ್ಲಿ ಸರಿಹೋಯಿತು. ಬೈಯುವುದು ಬಾಕಿ ಇತ್ತಲ್ಲ. ಕೂತರೆ ಒಂದು ಕಡೆಗೆ ವಾಲುತ್ತಿದ್ದ. ದಿಂಬು ಕೊಟ್ಟರೆ ಜಾರುತ್ತಿತ್ತು. ಕೊನೆಗೆ ಕಂಡುಕೊಂಡ ಉಪಾಯ ಏನೆಂದರೆ, ಮಂಚದ ತುದಿಯಲ್ಲಿ ಅವನನ್ನು ಒಳಮುಖವಾಗಿ ಕೂರಿಸಿ, ಹಿಂದೆ ನೆಲದ ಮೇಲೆ ನಾನು ನಿಂತು, ಅವನ ಬೆನ್ನನ್ನು ನನ್ನ ತೊಡೆಗಳಿಗೆ ಒರಗಿಸಿಕೊಳ್ಳುವುದು. ಸುಧಾ ಮುಂದೆ ಕೂತು ಗಂಜಿ ಕುಡಿಸುತ್ತಿದ್ದಳು. ಬೆಳಿಗ್ಗೆ ಡ್ಯೂಟಿಗೆ ಹೋಗುವ ಮುಂಚೆ ಒಮ್ಮೆ, ಸಂಜೆ ಬಂದು ಯೂನಿಫಾರಂ ಬಿಚ್ಚಿ ಪ್ಯಾಂಟಿಗೆ ಇಳಿದ ಮೇಲೆ ಒಮ್ಮೆ. ಹೀಗೆ ತಿಂಗಳುಗಟ್ಟಲೆ ನಡೆಯಿತು. ಅಪ್ಪನ ಜೊತೆ ಅಷ್ಟು ಹತ್ತಿರ ನಾನು ಚಿಕ್ಕಂದಿನಲ್ಲೂ ಇದ್ದವನಲ್ಲ. ಮುಖ ಕಾಣುತ್ತಿರಲಿಲ್ಲ, ನೆತ್ತಿ ಕಾಣುತ್ತಿತ್ತು. ಒಂದೊಂದು ಗುಟುಕಿಗೂ ಬೆನ್ನು ಕದಲುವುದು ನನ್ನ ತೊಡೆಗೆ ತಿಳಿಯುತ್ತಿತ್ತು.

ಅಪ್ಪನಿಗೆ ತಿಳಿಯುತ್ತಿದ್ದದ್ದು ಬೇರೆ. ಸಂಜೆ ಅಂಗಿ ಬಿಚ್ಚಿದರೆ ಬೆನ್ನಿನ ಮೇಲೆ ಎರಡು ನೀಲಿ ಮಚ್ಚೆ. ಒಗೆದರೂ ಪೂರ್ತಿ ಹೋಗುತ್ತಿರಲಿಲ್ಲ. "ಜಲ್ಮೆಲ್ಲ ನೀಲಿ ಹನಿ ಲೆಕ್ದಲ್ಲಿ ಬುಟ್ಟೆ ಕಣವ್ವ," ಎಂದು ಸುಧಾಳ ಹತ್ತಿರ ದೂರು ಹೇಳುತ್ತಿದ್ದ, "ಇವ್ನು ನೋಡು, ಪೂರಾ ಡಬ್ಬಾನೇ ತಂದು ಬೆನ್ನಿಗೆ ಬಡಿತಾನೆ." ಸುಧಾ ನಡುವೆ ಒಂದು ಹಳೇ ಟವಲು ಹಾಕುವ ಪದ್ಧತಿ ತಂದಳು. ಬೇರೆ ಪ್ಯಾಂಟು ಹಾಕಿಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಸುಧಾನೂ ಕೇಳಿದಳು. ಆದರೆ ಅಷ್ಟರಲ್ಲಿ ತೊಡೆಯ ಮೇಲೆ ನೀಲಿ ತೆಳುವಾಗುತ್ತಾ ಬಂದಿತ್ತು. ಒಳಗಿನ ಬಿಳಿ ಆಗತಾನೇ ಕಣ್ಣು ಬಿಡುತ್ತಿತ್ತು. ಈಗ ಬಿಟ್ಟರೆ ಅರ್ಧಕ್ಕೆ ಬಿಟ್ಟ ಹಾಗಲ್ಲವೇ ಅಂದೆ. ಅವಳು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.

ಒಂದು ದಿನ ಅಪ್ಪ ಸುಧಾಳ ಕೈಲಿ ಟ್ರಂಕು ತೆಗೆಸಿ, ಹೊಸ ಪಂಚೆ, ಹೊಸ ಅಂಗಿ ಹೊರಗೆ ಹಾಕಿಸಿದ. ಅಂಗಡಿಯ ಬಿಳಿ ಬಿಳಿಯೇ ಅಲ್ಲವಂತೆ, ಹಳದಿ ಹೊಡೆಯುತ್ತದಂತೆ. ಬಚ್ಚಲ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, "ಸಾಕು, ಸಾಕು, ಇನ್ನೊಂದು ಹನಿ ಬ್ಯಾಡ" ಎಂದು ಹೇಳಿ ಹೇಳಿ ಅವಳ ಕೈಲಿ ನೀಲಿ ಹಾಕಿಸಿದ. ಒಣಗಿ ಮಡಿಸಿಟ್ಟ ಮೇಲೆ ನನ್ನನ್ನು ಕರೆದ. "ಲೇ ಮಗ, ನನ್ನ ಕಳಿಸೋ ದಿನ ಒಂದಿನ ಮಾತ್ರ ಆ ಪ್ಯಾಂಟ್ನ ನನ್ನತ್ರ ತರಬ್ಯಾಡ. ಹುಳದ ವಾಸ್ನೇಲೇ ಬದುಕ್ಬುಟ್ಟೆ. ಹೋಗೋವಾಗ್ಲಾದ್ರೂ ಬೆಳ್ಳಗೆ ಹೋಗ್ಬೇಕು." ಆಯ್ತಪ್ಪ ಎಂದೆ. ಮಾತು ಕೊಟ್ಟೆ. ಕಷ್ಟದ ಮಾತೇನೂ ಆಗಿರಲಿಲ್ಲ.

ಅಪ್ಪ ಹೋದದ್ದು ಒಂದು ಭಾನುವಾರ ಬೆಳಿಗ್ಗೆ, ಗಂಜಿ ಕುಡಿಯುತ್ತಾ. ರಜೆಯಾದ್ದರಿಂದ ನಾನು ಬೆಳಿಗ್ಗೆಯೇ ಆ ಪ್ಯಾಂಟಿನಲ್ಲಿದ್ದೆ. ನನ್ನ ತೊಡೆಗೇ ಮೊದಲು ತಿಳಿಯಿತು. ಭಾರ ಒಮ್ಮೆಗೇ ಬೇರೆ ಥರ ಆಯಿತು. ಸುಧಾ ಇನ್ನೂ ಚಮಚ ಹಿಡಿದುಕೊಂಡೇ ಇದ್ದಳು. ಆಮೇಲೆ ಮೈಸೂರಿನಲ್ಲಿದ್ದ ಅಣ್ಣನಿಗೆ ಫೋನು, ಆಂಬುಲೆನ್ಸು, ದೊಡ್ಡಮಳೂರಿನ ಪಕ್ಕದ ನಮ್ಮ ಹಳ್ಳಿಗೆ ಪ್ರಯಾಣ. ಅಲ್ಲಿ ಚಿಕ್ಕಪ್ಪ ಅಂಗಳದಲ್ಲಿ ನೀರು ಕಾಯಿಸಿಟ್ಟಿದ್ದರು. ಹಿರಿಯ ಮಗನಾದ್ದರಿಂದ ಅಣ್ಣ ಪಂಚೆ ಉಟ್ಟು ಸಿದ್ಧನಾದ. ನನಗೂ ಒಂದು ಪಂಚೆ ಯಾರೋ ತಂದುಕೊಟ್ಟರು. ಅದನ್ನು ಹೆಗಲ ಮೇಲೆ ಹಾಕಿಕೊಂಡು, ಉಟ್ಟರಾಯಿತು ಎಂದು ನಿಂತೇ ಇದ್ದೆ. ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ನೀರು ಹುಯ್ಯತೊಡಗಿದರು. ನೀರು ಹರಿದು ನನ್ನ ಕಾಲ ಬಳಿಗೆ ಬಂತು. ನಾನು ಏನು ಮಾಡಿದೆ ಗೊತ್ತೇ? ಬಗ್ಗಿ ಪ್ಯಾಂಟಿನ ತುದಿಯನ್ನು ಇನ್ನೊಂದು ಮಡಿಕೆ ಮಡಿಚಿ, ಒಂದು ಹೆಜ್ಜೆ ಹಿಂದಕ್ಕೆ ಸರಿದೆ. ಹೆತ್ತ ಅಪ್ಪನ ಕೊನೆಯ ಸ್ನಾನದ ನೀರಿನಿಂದ ಜಪಾನಿನ ನೀಲಿಯನ್ನು ಕಾಪಾಡಿದ ಮಗ ಈ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು.

ಕಾಪಾಡಿದ್ದು ಬಹಳ ಹೊತ್ತು ಉಳಿಯಲಿಲ್ಲ. ಮೈ ಒರೆಸಿ, ಅವನೇ ನೀಲಿ ಹಾಕಿಸಿ ಮಡಿಸಿಡಿಸಿದ್ದ ಪಂಚೆ ಸುತ್ತಿ, ಅಂಗಿ ತೊಡಿಸಲು ಹೋದರೆ ಅಪ್ಪ ಯಾರ ಕೈಗೂ ನಿಲ್ಲುತ್ತಿಲ್ಲ, ವಾಲುತ್ತಿದ್ದಾನೆ. ಬದುಕಿದ್ದಾಗ ಎಡಕ್ಕೆ, ಈಗ ಎಲ್ಲಾ ಕಡೆಗೆ. "ಲೇ, ನೀನ್ ಬಾರ್ಲಾ ಇಲ್ಲಿ! ದಿನಾ ಹಿಡ್ಕೊಂಡಿದ್ದೋನು ನೀನಲ್ವಾ, ಹಿಂದ್ಗಡೆಯಿಂದ ಒಸಿ ಒರಗಿಸ್ಕೊ!" ಎಂದು ಚಿಕ್ಕಪ್ಪ ಕೂಗಿದರು. ಹೌದು, ಅಷ್ಟು ಜನರಲ್ಲಿ ಆ ಕೆಲಸದ ಅಭ್ಯಾಸ ಇದ್ದವನು ನಾನೊಬ್ಬನೇ. ಕೆಸರು ನೀರಿನಲ್ಲಿ ಓಡಿಹೋಗಿ ಕುರ್ಚಿಯನ್ನು ಆಚೆಗೆ ತಳ್ಳಿ, ಮಂಡಿಯೂರಿ, ಅಪ್ಪನನ್ನು ತೊಡೆಗೆ ಎಳೆದುಕೊಂಡೆ. ತೊಡೆ ಒದ್ದೆ, ಅಪ್ಪನ ತಲೆ ಒದ್ದೆ. ಗುಂಡಿ ಹಾಕಿದರು, ವಿಭೂತಿ ಹಚ್ಚಿದರು, ಹಾರ ಹಾಕಿದರು. ಅಷ್ಟು ಹೊತ್ತೂ ನಾನು ನೆತ್ತಿ ನೋಡುತ್ತಾ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಗುಟುಕಿಗೆ ಕದಲುತ್ತಿದ್ದ ಬೆನ್ನು ಕದಲುತ್ತಿಲ್ಲ ಎನ್ನುವುದೊಂದೇ ತಲೆಯಲ್ಲಿತ್ತು. ಟವಲು ಹಾಕುವ ಸುಧಾ ಹೆಂಗಸರ ನಡುವೆ ಅಳುತ್ತಿದ್ದಳು.

ಚಟ್ಟಕ್ಕೆ ಮಲಗಿಸಲು ಎತ್ತಿದಾಗ ಕಂಡಿತು. ಬೆನ್ನಿನ ಮೇಲೆ ಎರಡು ದೊಡ್ಡ ನೀಲಿ ಮಚ್ಚೆ, ಒದ್ದೆಯಾಗಿ, ಪಂಚೆಯವರೆಗೂ ಇಳಿದಿವೆ. "ಬೇರೆ ಅಂಗಿ... ಚಿಕ್ಕಪ್ಪ, ಬೇರೆ ಬಿಳಿ ಅಂಗಿ ಐತಾ?" ಎಂದೆ.

"ಉಡ್ಸಿದ್ ಬಟ್ಟೆ ಬಿಚ್ಚಬಾರ್ದು ಕಣ್ಲಾ." ಚಿಕ್ಕಪ್ಪ ಮಚ್ಚೆಯನ್ನೂ ನನ್ನ ಪ್ಯಾಂಟನ್ನೂ ನೋಡಿದರು. ಅವರೂ ನಮ್ಮಪ್ಪನಿಂದಲೇ ಬಟ್ಟೆ ಒಗೆಯುವುದನ್ನು ಕಲಿತವರು. "ಇರ್ಲಿ ಬುಡು. ಒಸಿ ನೀಲಿ ಬಿದ್ರೇನೇ ಬಿಳಿ ಎದ್ ಕಾಣೋದು ಅಂತಿದ್ದ" ಎಂದು ಹೇಳಿ ಅಪ್ಪನನ್ನು ಅಂಗಾತ ಮಲಗಿಸಿಬಿಟ್ಟರು. ಮುಂದುಗಡೆಯಿಂದ ನೋಡಿದವರು, ಎಷ್ಟು ಬೆಳ್ಳಗವ್ರೆ ನೋಡು, ದೇವರಂಗವ್ರೆ ಎಂದು ಕೈಮುಗಿದರು. ಮಣ್ಣು ಮಾಡಿ ಬಂದು ಪಂಪ್‌ಸೆಟ್ಟಿನ ಕೆಳಗೆ ಎಲ್ಲರ ಜೊತೆ ನಾನೂ ಉಟ್ಟ ಬಟ್ಟೆಯಲ್ಲೇ ತಲೆ ಕೊಟ್ಟೆ. ಕಾಲುವೆಯೆಲ್ಲಾ ನೀಲಿ. ಯಾರೋ ನೆಂಟರು, "ಇದೇನ್ಲಾ, ಇಂಕ್ ಬಾಟ್ಲಿ ಒಡ್ದಂಗೈತೆ" ಎಂದರು. ಇನ್ನೊಬ್ಬರು ನಕ್ಕರು. ನಾನು ನೀರಿನ ಕೆಳಗಿದ್ದದ್ದು ಒಳ್ಳೆಯದಾಯಿತು, ಅತ್ತದ್ದು ಗೊತ್ತಾಗಲಿಲ್ಲ.

ಹನ್ನೊಂದರ ತಿಥಿಯ ದಿನ ಸಾವಿನ ಮನೆಯ ಬಟ್ಟೆಗಳನ್ನು ಕೊಟ್ಟುಬಿಡುವಾಗ ಸುಧಾ ಈ ಪ್ಯಾಂಟನ್ನೂ ಗಂಟಿಗೆ ಹಾಕಿದಳು. ನಾನು ತೆಗೆದೆ. ಮತ್ತೆ ಹಾಕಿದಳು. ಮತ್ತೆ ತೆಗೆದೆ. ಆಗ ಅವಳು ತೊಡೆಯ ಮೇಲಿನ ಎರಡು ಬಿಳಿ ಜಾಗ ನೋಡಿದಳು, ಒಮ್ಮೆ ಕೈಯಾಡಿಸಿದಳು, ಪ್ಯಾಂಟನ್ನು ಬಿಟ್ಟು ಉಳಿದದ್ದನ್ನು ಗಂಟು ಕಟ್ಟಿದಳು.

ಇದೆಲ್ಲಾ ನಡೆಯುವಾಗ ಹಯಾಶಿಯವರು ಜಪಾನಿನಲ್ಲಿದ್ದರು. ಹೋದ ತಿಂಗಳು ಮತ್ತೆ ಬಂದರು. ಭಾನುವಾರ ಅದೇ ತಟ್ಟೆ ಇಡ್ಲಿ ಹೋಟೆಲಿನಲ್ಲಿ, ನಮಸ್ಕಾರ ಮುಗಿಯುವ ಮೊದಲೇ ಕನ್ನಡಕ ಹಾಕಿಕೊಂಡು ನನ್ನ ತೊಡೆಗೆ ಬಗ್ಗಿದರು. ಕೈರೇಖೆ ನೋಡುವವರ ಹಾಗೆ ಬಹಳ ಹೊತ್ತು ನೋಡಿದರು. ಮಂಡಿಯ ಹತ್ತಿರ ಎಲ್ಲರಿಗೂ ಸವೆಯುತ್ತದೆ, ತೊಡೆಯ ಮೇಲೆ ಹೀಗೆ ಎರಡು ಹೆಗಲಿನ ಆಕಾರದಲ್ಲಿ ಸವೆದದ್ದನ್ನು ತಾವು ಎಲ್ಲೂ ಕಂಡಿಲ್ಲ, ಇದು ಏನು ಕೆಲಸದಿಂದ ಬಂತು ಎಂದು ಕೇಳಿದರು.

"ನಮ್ಮಪ್ಪ ಒರಗಿಕೊಳ್ಳುತ್ತಿದ್ದರು" ಎಂದೆ. ನನ್ನ ಇಂಗ್ಲಿಷಿನಲ್ಲಿ 'ಒರಗಿಕೊಳ್ಳುತ್ತಾರೆ' ಎಂದಾಯಿತೋ ಏನೋ. ಹಯಾಶಿಯವರ ಮುಖ ಅರಳಿತು.

"ಬಹಳ ಒಳ್ಳೆಯ ತಂದೆ! ದಯವಿಟ್ಟು ಅವರಿಗೆ ಹೇಳಿ. ಇನ್ನೊಂದಿಷ್ಟು ತಿಂಗಳು ದಿನಾ ಹೀಗೇ ಒರಗಿಕೊಳ್ಳಲಿ. ಇದು ಪೂರ್ತಿಯಾಗುತ್ತದೆ."

ನಿಜ ಹೇಳಬಹುದಿತ್ತು. ಹೇಳಿದ್ದರೆ ಅವರು ಅಷ್ಟು ಜನರ ನಡುವೆ ಎದ್ದು ನಿಂತು ಸೊಂಟದವರೆಗೂ ಬಗ್ಗಿಬಿಡುತ್ತಿದ್ದರು. ಅದನ್ನು ನೋಡುವ ಶಕ್ತಿ ನನಗಿರಲಿಲ್ಲ. ಅಷ್ಟರಲ್ಲಿ ಇಡ್ಲಿ ಬಂತು, ಚಟ್ನಿ ತಟ್ಟೆಯ ಅಂಚಿಗೆ ತುಳುಕುತ್ತಿತ್ತು.

"ಹೇಳ್ತೀನಿ ಸಾರ್" ಎಂದು ಹೇಳಿ, ಪ್ಯಾಂಟಿನ ಮೇಲೆ ಚೆಲ್ಲದ ಹಾಗೆ ತಟ್ಟೆಯನ್ನು ಒಂದಿಷ್ಟು ಆಚೆಗೆ ಸರಿಸಿದೆ.