ಇಬ್ಬರು ಭಾಷಣಕಾರರಿಗೆ ಒಬ್ಬಳೇ ಅಜ್ಜಿ

ಸರ್ಕಾರಿ ಕೆಲಸದಲ್ಲಿರುವವನು ತನಗೆ ನಾಲ್ಕು ಸಾಲು ಚೆನ್ನಾಗಿ ಬರೆಯಲು ಬರುತ್ತದೆ ಎಂಬ ಸಂಗತಿಯನ್ನು ಆದಷ್ಟು ಗುಟ್ಟಾಗಿಡಬೇಕು. ಈಜು ಬರುತ್ತದೆ ಎಂದು ಹೇಳಿಕೊಂಡರೆ ತೊಂದರೆಯಿಲ್ಲ. ಹಾರ್ಮೋನಿಯಂ ನುಡಿಸುತ್ತೇನೆ ಎಂದರೂ ಅಡ್ಡಿಯಿಲ್ಲ, ಕಚೇರಿಗೆ ಯಾರೂ ಹಾರ್ಮೋನಿಯಂ ತರಿಸುವುದಿಲ್ಲ. ಆದರೆ ಬರೆಯುತ್ತೇನೆ ಎಂದು ಗೊತ್ತಾದರೆ ಮುಗಿಯಿತು. ನಾನು ನಗರಗೆರೆಯ ಸರ್ಕಾರಿ ಪ್ರೌಢಶಾಲೆಯ ಕನ್ನಡ ಮೇಷ್ಟ್ರು. ಹೀಗೆಂದು ಸಂಬಳದ ಪಟ್ಟಿ ಹೇಳುತ್ತದೆ, ನಾನೂ ಹೇಳಿಕೊಳ್ಳುತ್ತೇನೆ. ಮೂರು ವರ್ಷದ ಹಿಂದೆ ಗೌರಿಬಿದನೂರಿನ ಒಂದು ಸಮಾರಂಭದಲ್ಲಿ ನಿರೂಪಣೆ ಮಾಡುತ್ತಿದ್ದಾಗ ಕರೆಂಟು ಹೋಗಿ, ಮೈಕಿಲ್ಲದೆಯೇ ಹತ್ತು ನಿಮಿಷ ಒಳ್ಳೆಯ ಮಾತಾಡಿಬಿಟ್ಟೆ. ವೇದಿಕೆಯ ಮೇಲಿದ್ದ ಜಿಲ್ಲಾ ಕಚೇರಿಯ ಸಾಹೇಬರು ಇಳಿದು ಬಂದು ಬೆನ್ನು ತಟ್ಟಿ, “ಮೇಷ್ಟ್ರೇ, ಒಂದು ಹದಿನೈದು ದಿನ ಚಿಕ್ಕಬಳ್ಳಾಪುರಕ್ಕೆ ಬನ್ನಿ, ನಮ್ಮದೊಂದು ಕಾರ್ಯಕ್ರಮ ಇದೆ,” ಅಂದರು. ಆ ಹದಿನೈದು ದಿನ ಇನ್ನೂ ಮುಗಿದಿಲ್ಲ.

ಇದಕ್ಕೆ ನಿಯೋಜನೆ ಎಂದು ಹೆಸರು. ಸಂಬಳ ಶಾಲೆಯಲ್ಲಿ, ಕೆಲಸ ಕಚೇರಿಯಲ್ಲಿ, ಜೀವನ ಬಸ್ಸಿನಲ್ಲಿ. ಬೆಳಿಗ್ಗೆ ಗೌರಿಬಿದನೂರಿನಲ್ಲಿ ಬಸ್ಸು ಹತ್ತಿ ಮಂಚೇನಹಳ್ಳಿ ದಾಟುವಷ್ಟರಲ್ಲಿ ಕಣ್ಣು ಮುಚ್ಚಿ, ಚಿಕ್ಕಬಳ್ಳಾಪುರದಲ್ಲಿ ಕಂಡಕ್ಟರ್ ಭುಜ ಅಲುಗಾಡಿಸಿದಾಗ ತೆರೆಯುತ್ತೇನೆ. ಆಮೇಲೆ ಸಂಜೆಯವರೆಗೆ ಸ್ವಾಗತ ಭಾಷಣ, ಅಧ್ಯಕ್ಷ ಭಾಷಣ, ವಂದನಾರ್ಪಣೆ ಬರೆಯುವುದು. ನಾನು ಶಾಲೆ ಬಿಟ್ಟು ಬಂದ ದಿನ ಎಂಟನೇ ತರಗತಿಗೆ ಒಂದು ಪದ್ಯದ ಅರ್ಧ ಹೇಳಿದ್ದೆ, ಉಳಿದರ್ಧ ಬಂದು ಹೇಳುತ್ತೇನೆ ಎಂದಿದ್ದೆ. ಆ ಮಕ್ಕಳು ಹತ್ತನೆಯದನ್ನೂ ಮುಗಿಸಿ ಹೋದರು. ಇದನ್ನು ನೆನೆದಾಗಲೆಲ್ಲ ನನಗೆ ನಿಜಕ್ಕೂ ಬೇಜಾರಾಗುತ್ತದೆ. ನಗೆಗಾಗಿ ಹೇಳುತ್ತಿರುವ ಮಾತಲ್ಲ ಇದು. ಪಾಠ ಹೇಳುವುದು ಬಿಟ್ಟು ಬೇರೇನನ್ನೂ ನಾನು ಈ ಜನ್ಮದಲ್ಲಿ ಮನಸಾರೆ ಮಾಡಿದವನಲ್ಲ.

ಆದ್ದರಿಂದ ಈ ವರ್ಷ ಜಿಲ್ಲಾ ಕೇಂದ್ರದಲ್ಲಿ ‘ತಂತ್ರಜ್ಞಾನ ಮತ್ತು ಆಡಳಿತ’ ಸಮ್ಮೇಳನ ಎಂದಾಗ ನಾನು ಧೈರ್ಯ ಮಾಡಿ ಸಾಹೇಬರ ಮುಂದೆ ನಿಂತೆ. ನನ್ನನ್ನು ಶಾಲೆಗೆ ಬಿಟ್ಟುಬಿಡಿ ಎಂದು ಕೇಳಿದೆ. ಸಾಹೇಬರು ಕೆಟ್ಟವರಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಆಯ್ತು ಮೇಷ್ಟ್ರೇ. ಇದೊಂದು ಸಮ್ಮೇಳನ ಸುಸೂತ್ರವಾಗಿ ಮುಗಿಸ್ಕೊಡಿ. ಅವತ್ತೇ ಸಂಜೆ ಬಿಡುಗಡೆ ಪತ್ರಕ್ಕೆ ಸಹಿ ಹಾಕ್ತೀನಿ. ಏನಾದ್ರೂ ಎಡವಟ್ಟಾದ್ರೆ ಮಾತ್ರ ನನ್ನ ಕೇಳ್ಬೇಡಿ,” ಅಂದರು. ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಅವಳು ಸಾರಿಗೆ ಒಗ್ಗರಣೆ ಹಾಕುತ್ತಾ, “ಸಹಿ ಹಾಕ್ಲಿ, ಆಮೇಲೆ ಖುಷಿಪಡೋಣ,” ಅಂದಳು. ಮೂರು ವರ್ಷದಲ್ಲಿ ಅವಳೂ ನನ್ನಷ್ಟೇ ದಣಿದಿದ್ದಾಳೆ.

ಸರ್ಕಾರಿ ಸಮ್ಮೇಳನದಲ್ಲಿ ದಿಕ್ಸೂಚಿ ಭಾಷಣಕಾರರು ಎಂಬ ಒಂದು ಜಾತಿ ಇರುತ್ತದೆ. ಆಹ್ವಾನ ಪತ್ರಿಕೆಯಲ್ಲಿ ಮಂತ್ರಿಗಳು, ಶಾಸಕರು, ಅಧ್ಯಕ್ಷರು, ಉಪಾಧ್ಯಕ್ಷರು, ಮಾಜಿ ಅಧ್ಯಕ್ಷರು ಎಲ್ಲರ ಹೆಸರೂ ಶಿಷ್ಟಾಚಾರದ ಪ್ರಕಾರ ಬಂದ ಮೇಲೆ, ಇನ್ನು ಜಾಗ ಉಳಿದರೆ ಅದರಲ್ಲಿ ಇವರ ಹೆಸರು. ದೀಪದ ಬತ್ತಿ ಫ್ಯಾನಿನ ಗಾಳಿಗೆ ಹತ್ತದೆ, ಫ್ಯಾನು ನಿಲ್ಲಿಸಿ, ಹತ್ತಿಸಿ, ಮತ್ತೆ ಫ್ಯಾನು ಹಾಕಿ, ಸ್ವಾಗತ ಭಾಷಣದಲ್ಲಿ ಅಷ್ಟೂ ಹೆಸರನ್ನು ಇನ್ನೊಮ್ಮೆ ಹೇಳಿ, ಶಾಲು ಪೇಟ ಹಣ್ಣಿನ ಬುಟ್ಟಿ ಎಲ್ಲ ಆಗುವ ಹೊತ್ತಿಗೆ ಊಟದ ವಾಸನೆ ಬರುತ್ತಿರುತ್ತದೆ. ಆಗ ನಾನು ಮೈಕಿನಲ್ಲಿ, “ಈಗ ಬಹು ನಿರೀಕ್ಷಿತ ದಿಕ್ಸೂಚಿ ಭಾಷಣ,” ಎನ್ನಬೇಕು. ಅವರು ಎದ್ದು ಬರುವಾಗ ಸಾಹೇಬರ ಕಡೆಯಿಂದ ಒಂದು ಚೀಟಿ ಬರುತ್ತದೆ, ಏಳು ನಿಮಿಷ ಎಂದು. ಪಾಪ, ಅವರಲ್ಲೂ ನಿಜವಾಗಿ ತಿಳಿದವರಿರುತ್ತಾರೆ. ಒಮ್ಮೆ ಒಬ್ಬ ಪ್ರೊಫೆಸರ್ ಮೂರು ದಿನ ಕೂತು ತಯಾರಾಗಿ ಬಂದು, “ಮಿತ್ರರೇ, ಈ ವಿಷಯಕ್ಕೆ ಮೂರು ಮುಖಗಳಿವೆ,” ಎಂದು ಮೊದಲನೆಯ ಮುಖ ತೋರಿಸುವಷ್ಟರಲ್ಲಿ ವಂದನಾರ್ಪಣೆಯವರು ಪಕ್ಕದಲ್ಲಿ ಬಂದು ನಿಂತಿದ್ದರು.

ಈ ಸಲದ ಭಾಷಣಕಾರರು ಬೆಂಗಳೂರಿನ ಒಂದು ಕಂಪನಿಯ ಹಿರಿಯ ತಜ್ಞರು. ಅವರ ಸಹಾಯಕಿ ಫೋನಿನಲ್ಲಿ, “ಸಾರ್ ತುಂಬಾ ಬಿಜಿ. ಸ್ಪೀಚ್ ನೀವೇ ಬರೆದು ಕಳಿಸ್ಬಿಡಿ, ಅಕ್ಷರ ದಪ್ಪ ಇರ್ಲಿ,” ಅಂದಳು. ಸಾಹೇಬರನ್ನು ಕೇಳಿದರೆ, “ಸ್ಥಳೀಯ ಸ್ಪರ್ಶ ಇರ್ಬೇಕು ಮೇಷ್ಟ್ರೇ, ಜನಕ್ಕೆ ನಮ್ಮೋರು ಅನ್ನಿಸ್ಬೇಕು,” ಅಂದರು. ಕಂಪನಿಯ ತಜ್ಞರಿಗೆ ನಾನು ಎಲ್ಲಿಂದ ಸ್ಥಳೀಯ ಸ್ಪರ್ಶ ತರಲಿ? ಬೇರೆ ದಾರಿ ಕಾಣದೆ ನನ್ನ ಅಜ್ಜಿಯನ್ನೇ ಬರೆದುಬಿಟ್ಟೆ. ನನ್ನ ತಾಯಿಯ ತಾಯಿ ಮೇಲೂರಿನವಳು. ಜೀವಮಾನವೆಲ್ಲ ಬಿಸಿನೀರಿನಲ್ಲಿ ಕೈಯಿಟ್ಟು ರೇಷ್ಮೆ ಗೂಡಿನಿಂದ ನೂಲು ತೆಗೆದವಳು. ಅವಳ ಬೆರಳ ತುದಿಯೆಲ್ಲ ಬೆಂದು ಬಿಳುಚಿಕೊಂಡಿರುತ್ತಿತ್ತು. ಆ ಬೆರಳಿನಲ್ಲೇ ನಮಗೆ ತುತ್ತು ಕೊಡುತ್ತಿದ್ದಳು. ‘ಎಳೆ ಸಿಗುವತನಕ ಕೈ ತೆಗೆಯಬಾರದು ಕಂದಾ ಎನ್ನುತ್ತಿದ್ದಳು ನನ್ನ ಅಜ್ಜಿ. ತಾಳ್ಮೆಯೇ ನಾನು ಕಲಿತ ಮೊದಲ ತಂತ್ರಜ್ಞಾನ’ ಎಂದು ಬರೆದೆ. ಬರೆದು ಎರಡು ಸಲ ಓದಿಕೊಂಡೆ. ಅಜ್ಜಿಯನ್ನು ದಪ್ಪ ಅಕ್ಷರದಲ್ಲಿ ಬೆಂಗಳೂರಿಗೆ ಕಳಿಸಿದೆ.

ಸಮ್ಮೇಳನಕ್ಕೆ ಎರಡು ದಿನ ಇರುವಾಗ ತಜ್ಞರು ಬರುವುದಿಲ್ಲ ಎಂದು ಸುದ್ದಿ ಬಂತು. ದೆಹಲಿಯಲ್ಲಿ ಏನೋ ಸಭೆಯಂತೆ. ಸಾಹೇಬರು ಅವರಿವರಿಗೆ ಫೋನು ಮಾಡಿ ನಿವೃತ್ತ ಹಿರಿಯ ಅಧಿಕಾರಿಯೊಬ್ಬರನ್ನು ಒಪ್ಪಿಸಿದರು. ಅವರೂ, “ಏನಾದ್ರೂ ಬರೆದಿಟ್ಟಿರಪ್ಪ, ನೋಡ್ಕೋತೀನಿ,” ಅಂದರು. ಹೊಸದಾಗಿ ಬರೆಯುವ ತ್ರಾಣ ನನಗಿರಲಿಲ್ಲ. ನಮ್ಮ ಕಚೇರಿಯಲ್ಲಿ ಹೊಸದಾಗಿ ಬರೆಯುವ ಪದ್ಧತಿಯೂ ಇಲ್ಲ. ಯಾವ ಪತ್ರವಾದರೂ ಸರಿ, ಕಂಪ್ಯೂಟರಿನಲ್ಲಿ ಹಳೆಯದನ್ನು ತೆಗೆದು, ಹೆಸರು ದಿನಾಂಕ ತಿದ್ದಿ, ಪ್ರಿಂಟು ಹಾಕುವುದು. ನಾನೂ ಹಾಗೇ ಮಾಡಿದೆ. ಬರದೇ ಹೋದ ತಜ್ಞರಿಗೆ ಅಜ್ಜಿಯಿಂದ ಇನ್ನೇನು ಪ್ರಯೋಜನ ಎಂದುಕೊಂಡು ಅವಳನ್ನು ನಿವೃತ್ತ ಅಧಿಕಾರಿಗಳಿಗೆ ಕೊಟ್ಟೆ.

ಸಮ್ಮೇಳನದ ಬೆಳಿಗ್ಗೆ ಎರಡು ಕಾರುಗಳು ಒಂದರ ಹಿಂದೊಂದು ಬಂದು ನಿಂತವು. ಒಂದರಿಂದ ನಿವೃತ್ತ ಅಧಿಕಾರಿಗಳು ಇಳಿದರು. ಇನ್ನೊಂದರಿಂದ ಜೀನ್ಸು, ಕೋಟು ಹಾಕಿದ್ದ ತಜ್ಞರು ಇಳಿದು, ದೆಹಲಿಯ ಸಭೆ ರದ್ದಾಯಿತು, ನಿಮ್ಮನ್ನು ನಿರಾಸೆಗೊಳಿಸಬಾರದು ಎಂದು ಬಂದೆ ಎಂದರು. ಸಾಹೇಬರು ಸಂತೋಷದಿಂದ, “ಎರಡೆರಡು ದಿಕ್ಸೂಚಿ! ಯಾವ ಜಿಲ್ಲೆಗೂ ಇಲ್ಲ ಈ ಭಾಗ್ಯ,” ಅಂದರು. ನನ್ನ ಶಾಲೆ, ನನ್ನ ಬಿಡುಗಡೆ ಪತ್ರ, ಎಲ್ಲವೂ ಆ ಇಬ್ಬರ ಜೇಬಿನಲ್ಲಿ ಮಡಿಸಿಟ್ಟ ಒಂದೇ ಭಾಷಣದ ಮೇಲೆ ನಿಂತಿದ್ದವು. ಹೇಗಾದರೂ ಒಬ್ಬರಿಂದಾದರೂ ಅದನ್ನು ಬಿಡಿಸಬೇಕೆಂದು ನಿವೃತ್ತ ಅಧಿಕಾರಿಗಳ ಕಿವಿಯ ಹತ್ತಿರ ಬಗ್ಗಿ, “ಸಾರ್, ನಿಮ್ಮ ಭಾಷಣದಲ್ಲಿ ಸ್ವಲ್ಪ…” ಎಂದೆ. ಅವರು ನನ್ನ ಕೈ ಹಿಡಿದು, “ಚೆನ್ನಾಗಿ ಬರೆದಿದ್ದೀರ್ರಿ. ಅಜ್ಜಿ ವಿಚಾರ ಬಹಳ ಹಿಡಿಸ್ತು. ಒಂದಕ್ಷರ ಬಿಡದಂಗೆ ಓದ್ತೀನಿ,” ಅಂದರು. ಅಷ್ಟರಲ್ಲಿ ನಾಡಗೀತೆಗೆ ಎಲ್ಲರೂ ಎದ್ದು ನಿಂತರು.

ಮೊದಲು ತಜ್ಞರು ಮಾತಾಡಿದರು. ಅಜ್ಜಿಯ ಭಾಗ ಬಂದಾಗ ದನಿ ಇಳಿಸಿ, ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ, ನನ್ನದು ಬೆವರು. ಸಭಾಂಗಣ ಚಪ್ಪಾಳೆ ತಟ್ಟಿತು. ಪಕ್ಕದಲ್ಲಿ ಮೊಬೈಲು ನೋಡುತ್ತಿದ್ದ ನಿವೃತ್ತ ಅಧಿಕಾರಿಗಳು ತಲೆಯೆತ್ತಿ, ಒಳ್ಳೆಯ ಮಾತು ಎಂಬಂತೆ ತಲೆದೂಗಿ ತಾವೂ ತಟ್ಟಿದರು. ಆಮೇಲೆ ತಮ್ಮ ಸರದಿ ಬಂದಾಗ ಎದ್ದುಹೋಗಿ, ಅದೇ ಅಜ್ಜಿ, ಅದೇ ಮೇಲೂರು, ಅದೇ ಬಿಸಿನೀರು, ಒಂದಕ್ಷರ ಬಿಡದೆ ಓದಿದರು. ಅವರಿಗೆ ಅಳು ಬರಲಿಲ್ಲ, ಆದರೆ ‘ಕಂದಾ’ ಎಂಬಲ್ಲಿ ಮೇಜು ಕುಟ್ಟಿದರು. ನಾನು ವೇದಿಕೆಯ ಮೂಲೆಯಲ್ಲಿ ನಿಂತು ಒಬ್ಬೊಬ್ಬರ ಮುಖವನ್ನೂ ನೋಡಿದೆ. ಶಾಸಕರು ಯಾರದೋ ಮನವಿ ಪತ್ರ ಓದುತ್ತಿದ್ದರು. ಸಾಹೇಬರು ಊಟದ ಕಡೆಯವರಿಗೆ ಸನ್ನೆ ಮಾಡುತ್ತಿದ್ದರು. ತಜ್ಞರು ತಮ್ಮ ಭಾಷಣದ ಫೋಟೋ ಎಲ್ಲಿಗೋ ಕಳಿಸುತ್ತಿದ್ದರು. ಹಿಂದಿನ ಸಲ ತಟ್ಟಿದ ಜಾಗದಲ್ಲೇ ಜನ ಮತ್ತೆ ಚಪ್ಪಾಳೆ ತಟ್ಟಿದರು. ಸದ್ಯ, ಬದುಕಿಕೊಂಡೆ ಅನ್ನಿಸಿತು. ಅದರ ಹಿಂದೆಯೇ, ಯಾಕೋ, ಅಜ್ಜಿಯನ್ನು ನೆನೆದು ಸಂಕಟವಾಯಿತು. ಒಬ್ಬರಾದರೂ ಕೇಳಿಸಿಕೊಳ್ಳಬಾರದಿತ್ತೆ?

ಕೇಳಿಸಿಕೊಂಡವರು ಒಬ್ಬರಿದ್ದರು. ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದ ಹೆಂಗಸೊಬ್ಬರು ನನ್ನನ್ನು ತಡೆದರು. ಕುರ್ಚಿ ತುಂಬಲಿ ಎಂದು ಶಿಡ್ಲಘಟ್ಟದ ಕಡೆಯಿಂದ ಬಸ್ಸಿನಲ್ಲಿ ಕರೆತಂದಿದ್ದ ಮಹಿಳಾ ಸಂಘದವರು. ಹೆಸರು ನಾರಾಯಣಮ್ಮ, ಊರು ಮೇಲೂರೇ.

“ಏನಪ್ಪಾ, ಮೈಕಲ್ಲಿ ಮಾತಾಡ್ದೋನು ನೀನೇ ಅಲ್ವಾ? ಆ ಇಬ್ರು ಸಾಮೇರು ಅಣ್ಣತಮ್ಮಂದಿರಾ?”

“ಇಲ್ಲಮ್ಮ, ಯಾಕೆ?”

“ಇಬ್ರಿಗೂ ಒಬ್ಳೇ ಅಜ್ಜೀನಂತಲ್ಲ. ನಮ್ಮೂರಲ್ಲಿ ನೂಲ್ ತೆಗೀತಿದ್ಲಂತೆ. ಯಾವ ಬೀದಿ, ಯಾರ ಮನೆ ಅಂತ ಕೇಳಣ ಅಂತ.”

ನಾನು ಅಕ್ಕಪಕ್ಕ ನೋಡಿ, “ದಾಯಾದಿಗಳಿರಬೇಕಮ್ಮ,” ಎಂದೆ.

“ಅದಕ್ಕೇ ಕಣಪ್ಪ, ಮಾತಾಡ್ಕೊಂಡು ಬಂದವ್ರೆ. ಒಳ್ಳೇದೇ ಬಿಡು. ಆಫೀಸಲ್ಲಿ ಒಬ್ರು ಒಂದೇಳ್ತಾರೆ, ಇನ್ನೊಬ್ರು ಇನ್ನೊಂದೇಳ್ತಾರೆ, ನಮ್ಮ ಕಾಲು ಸವೀತದೆ. ಇಬ್ರು ಸಾಮೇರು ಒಂದೇ ಮಾತೇಳಿದ್ದು ನಾನು ಇವತ್ತೇ ಕಂಡಿದ್ದು.”

ಆಕೆಗೆ ಇನ್ನೊಂದು ಹೋಳಿಗೆ ಹಾಕಿಸಿದೆ. ಮೂರು ವರ್ಷದಲ್ಲಿ ನನ್ನ ಬರವಣಿಗೆಗೆ ಸಿಕ್ಕ ಒಂದೇ ವಿಮರ್ಶೆ ಅದು.

ಸಂಜೆ ಸಾಹೇಬರು ಮಾತಿಗೆ ತಪ್ಪಲಿಲ್ಲ. ಬೆಂಗಳೂರಿಗೆ ಹೊರಡುವ ಆತುರದಲ್ಲಿದ್ದರು. “ಬೇಗ ಪತ್ರ ಟೈಪ್ ಮಾಡ್ಕೊಂಡ್ ಬನ್ನಿ ಮೇಷ್ಟ್ರೇ, ಸಹಿ ಹಾಕ್ಬಿಟ್ಟು ಹೊರಡ್ತೀನಿ,” ಅಂದರು. ನಾನು ಓಡಿಹೋಗಿ ಕಂಪ್ಯೂಟರಿನ ಮುಂದೆ ಕೂತೆ. ಕಣ್ಣು ಎಳೆಯುತ್ತಿತ್ತು, ನನ್ನ ಬಸ್ಸಿಗೂ ಹೊತ್ತಾಗುತ್ತಿತ್ತು. ಸರಸರ ಕೆಲಸ ಮುಗಿಸಿ ಹಾಳೆ ತಂದು ಮುಂದಿಟ್ಟೆ. ಸಾಹೇಬರು ನಿಂತೇ ಸಹಿ ಹಾಕಿ, “ಹೋಗಿ ಬನ್ನಿ, ಪುಣ್ಯಾತ್ಮರೇ,” ಅಂದರು. ಪತ್ರಕ್ಕೆ ನಂಬರು ಬಿತ್ತು, ಒಂದು ಪ್ರತಿ ಬೆಂಗಳೂರಿನ ಮೇಲಿನ ಕಚೇರಿಗೂ ಹೋಯಿತು. ಆ ಸಂಜೆ ಬಸ್ಸಿನಲ್ಲಿ ನಾನು ನಿದ್ದೆ ಮಾಡಲಿಲ್ಲ. ಕಿಟಕಿಯಿಂದ ದ್ರಾಕ್ಷಿ ತೋಟಗಳನ್ನು ನೋಡಿಕೊಂಡು, ಸೋಮವಾರ ಎಂಟನೇ ತರಗತಿಗೆ ಯಾವ ಪಾಠ ತೆಗೆದುಕೊಳ್ಳಲಿ ಎಂದು ಯೋಚಿಸುತ್ತಾ ಮನೆ ಸೇರಿದೆ.

ಮರುದಿನ ಶನಿವಾರ, ಬೆಳಗಿನ ಶಾಲೆ. ನಗರಗೆರೆಯಲ್ಲಿ ಇಳಿದು ಒಂದು ಡಬ್ಬ ಸಿಹಿ ಹಿಡಿದು ಹೋದೆ. ನಮ್ಮ ಮುಖ್ಯೋಪಾಧ್ಯಾಯಿನಿ ಶಾಹಿದಾ ಮೇಡಂ ಗಣಿತದವರು. ಯಾವ ಕಾಗದವನ್ನೂ ಪೆನ್ಸಿಲ್ ಇಟ್ಟು ಸಾಲು ಸಾಲಾಗಿ ಓದದೆ ಬಿಡುವವರಲ್ಲ. “ಬನ್ನಿ ಮೇಷ್ಟ್ರೇ, ಬನ್ನಿ, ಕೊನೆಗೂ ಬಂದ್ರಲ್ಲ,” ಎಂದು ನಗುತ್ತಾ ಪತ್ರ ತೆಗೆದುಕೊಂಡರು. ‘ವಿಷಯ: ನಿಯೋಜನೆಯಿಂದ ಬಿಡುಗಡೆಗೊಳಿಸುವ ಬಗ್ಗೆ’ ಎಂದು ಗಟ್ಟಿಯಾಗಿ ಓದಿ ತಲೆದೂಗಿದರು. ಪೆನ್ಸಿಲು ಕೆಳಗಿಳಿಯಿತು, ನಿಂತಿತು, ಮತ್ತೆ ಮೇಲೆ ಹೋಗಿ ಮತ್ತೆ ಇಳಿಯಿತು.

“ಇದೇನ್ ಮೇಷ್ಟ್ರೇ ಇದು?”

ಬಗ್ಗಿ ನೋಡಿದೆ. ವಿಷಯದ ಕೆಳಗೆ ಹೀಗಿತ್ತು: ‘ಸದರಿ ಶಿಕ್ಷಕರು ಅತ್ಯಂತ ದಕ್ಷರೂ, ಕಾರ್ಯತತ್ಪರರೂ, ಈ ಕಚೇರಿಗೆ ಅನಿವಾರ್ಯರೂ ಆಗಿರುವುದರಿಂದ ಇವರ ನಿಯೋಜನೆಯನ್ನು ಮುಂದಿನ ಒಂದು ವರ್ಷದ ಅವಧಿಗೆ ಮುಂದುವರಿಸಲಾಗಿದೆ.’ ಹೋದ ವರ್ಷ ನನ್ನ ನಿಯೋಜನೆ ವಿಸ್ತರಿಸಿದಾಗ ನಾನೇ ಬರೆದು ಸಾಹೇಬರ ಸಹಿ ಹಾಕಿಸಿದ್ದ ಪತ್ರ. ಅದನ್ನೇ ತೆಗೆದು ದಿನಾಂಕ ತಿದ್ದಿದ್ದೆ, ವಿಷಯ ತಿದ್ದಿದ್ದೆ, ಒಳಗಿನದು ಹಾಗೇ ಉಳಿದುಹೋಗಿತ್ತು. ಸಾಹೇಬರು ಓದಲಿಲ್ಲ, ಸರಿ. ನಾನು?

ಸಾಹೇಬರಿಗೆ ಅಲ್ಲಿಂದಲೇ ಫೋನು ಮಾಡಿದೆ. ಅವರು ಬಿದ್ದು ಬಿದ್ದು ನಕ್ಕರು. ಆಮೇಲೆ, “ಮೇಲಿನ ಆಫೀಸಿಗೆ ಪ್ರತಿ ಹೋಗ್ಬಿಟ್ಟಿದೆಯಲ್ಲ ಮೇಷ್ಟ್ರೇ. ಈಗ ಬದಲಾಯಿಸಿದ್ರೆ ವಿವರಣೆ ಕೇಳ್ತಾರೆ. ನೋಡಣ ಬಿಡಿ. ಸೋಮವಾರ ಸ್ವಲ್ಪ ಬೇಗ ಬನ್ನಿ, ಚಿಂತಾಮಣಿಯಲ್ಲೂ ಇಂಥದೇ ಒಂದು ಸಮ್ಮೇಳನ ಮಾಡ್ಬೇಕಂತೆ,” ಅಂದರು.

ಫೋನು ಇಟ್ಟು ಕೂತೆ. ಪಕ್ಕದ ಕೋಣೆಯಲ್ಲಿ ಯಾರೋ ಬದಲಿ ಮೇಷ್ಟ್ರು ಕನ್ನಡ ಪಾಠ ಮಾಡುತ್ತಿದ್ದರು, ಮಕ್ಕಳು ಒಟ್ಟಿಗೆ ಪದ್ಯ ಹೇಳುತ್ತಿದ್ದರು. ಎದ್ದು ಹೋಗಿ ಬಾಗಿಲಲ್ಲಿ ನಿಲ್ಲುವಷ್ಟು ಆಸೆಯಾಯಿತು, ಹೋಗಲಿಲ್ಲ. ಶಾಹಿದಾ ಮೇಡಂ ಪತ್ರವನ್ನು ಇನ್ನೊಮ್ಮೆ ಮೊದಲಿನಿಂದ ಓದಿದರು.

“ಹೋಗ್ಲಿ ಬಿಡಿ ಮೇಷ್ಟ್ರೇ, ನಿಮ್ಮ ಬಗ್ಗೆ ಎಷ್ಟು ಚೆನ್ನಾಗಿ ಬರೆದವ್ರೆ ನೋಡಿ. ಯಾರು ಬರ್ಕೊಟ್ಟಿದ್ದು ಇದನ್ನ?”

“ಆಫೀಸಲ್ಲಿ ಒಬ್ಬ ಇದ್ದಾನೆ ಮೇಡಂ,” ಎಂದೆ. “ಅವನನ್ನ ಅವರು ಬಿಡೋ ಹಂಗೆ ಕಾಣಲ್ಲ.”