ಒಲ್ಲೆ ಎಂದವರ ಹೆಸರು

ಶಾಲೆಗಳಿಗಾಗಿ ದೇಣಿಗೆ ಕೇಳುತ್ತ ತಿರುಗುವವನಿಗೆ ನಗಬೇಕೋ ಜಗಳ ತೆಗೆಯಬೇಕೋ ತಿಳಿಯದ ಪ್ರಸಂಗಗಳು ತಪ್ಪಿದ್ದಲ್ಲ. ಬೈಲಹೊಂಗಲದ ನಮ್ಮ ಸಣ್ಣ ಶಿಕ್ಷಣ ಪ್ರತಿಷ್ಠಾನಕ್ಕೆ ನಾನು ಎಂಟು ವರ್ಷ ಕಾರ್ಯದರ್ಶಿಯಾಗಿದ್ದೆ. ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯ ಶಾಲೆಗಳು ಅರ್ಜಿ ಹಾಕುತ್ತಿದ್ದವು. ಆ ಅರ್ಜಿ ಹಿಡಿದು ನಾನು ಉಳ್ಳವರ ಬಾಗಿಲಿಗೆ ಹೋಗುತ್ತಿದ್ದೆ. ಈಗ ಹೇಳುವುದೆಲ್ಲ ಒಂದೇ ಅರ್ಜಿಯ ಕಥೆ. ಮನೋಳಿಯಿಂದ ಮುಂದೆ, ಹೊಳೆದಂಡೆಯ ಒಂದು ಹಳ್ಳಿಯ ಹೈಸ್ಕೂಲಿನ ಹೆಡ್‌ಮಾಸ್ತರಿಣಿ ಬರೆದದ್ದು. ಊರೆಲ್ಲ ಅವರನ್ನು ಅಕ್ಕೋರು ಎನ್ನುತ್ತಿತ್ತು, ನಾನೂ ಹಾಗೇ ಎನ್ನುತ್ತೇನೆ. ಅವರು ಕೇಳಿದ್ದು ಒಂದೇ: ಹೆಣ್ಣುಮಕ್ಕಳಿಗೆ ಒಂದು ಸಂಡಾಸ. ಬೆಳಿಗ್ಗೆ ಪ್ರಾರ್ಥನೆಗೆ ಬಂದ ಹುಡುಗಿಯರು ಸಂಜೆಯ ತನಕ ನೀರು ಕುಡಿಯುತ್ತಿರಲಿಲ್ಲ. ಒಂಬತ್ತನೇ ಇಯತ್ತೆಗೆ ಬರುವಷ್ಟರಲ್ಲಿ ಅರ್ಧ ಜನ ಶಾಲೆಯನ್ನೇ ಬಿಡುತ್ತಿದ್ದರು.

ನಿಂತ ಫ್ಯಾನು

ಮೊದಲು ಹೋದದ್ದು ಪೇಟೆಯ ಒಬ್ಬ ಅಡತಿ ವ್ಯಾಪಾರಿಯ ಹತ್ತಿರ. ಅರ್ಜಿಯನ್ನು ಪೂರಾ ಓದಿದರು, ಕಣ್ಣು ಒದ್ದೆ ಮಾಡಿಕೊಂಡರು, ಆಮೇಲೆ ನಾಲ್ಕು ಫ್ಯಾನು ಕೊಡುತ್ತೇನೆ ಎಂದರು. ಶಾಲೆಗೆ ಇನ್ನೂ ಕರೆಂಟು ಬಂದಿಲ್ಲ ಎಂದು ಹೇಳಿದೆ. ಅದು ಬಂದಾಗ ಬರಲಿ ಎಂದರು. ಫ್ಯಾನಿಗೆ ಮೂರು ರೆಕ್ಕೆ. ಅಜ್ಜ, ಅಪ್ಪ, ಕಾಕಾ, ಮೂವರ ಹೆಸರೂ ರೆಕ್ಕೆಗೊಂದರಂತೆ ಕೆಂಪು ಬಣ್ಣದಲ್ಲಿ ಕೂಡುತ್ತಿದ್ದವು. ನಮ್ಮ ಕಡೆ ಕೊಟ್ಟದ್ದಕ್ಕಿಂತ ಬರೆಸಿದ್ದು ದೊಡ್ಡದು.

ಉದ್ಘಾಟನೆಯ ದಿನ ಅವರು ತಲೆ ಎತ್ತಿ ನಾಲ್ಕೂ ಫ್ಯಾನು ನೋಡಿ ಬಂದರು. ಕರೆಂಟು ಇಲ್ಲದ್ದಕ್ಕೆ ನಾನು ನಾಚಿಕೊಂಡು ಕ್ಷಮೆ ಕೇಳಿದೆ.

"ಇಲ್ದಿದ್ದ ಚೊಲೋ ಆತು ಬಿಡ್ರಿ," ಎಂದರು. "ತಿರಗಿದ್ರ ಹೆಸರು ಹೆಂಗ ಕಾಣತಾವು?"

ಗೋಡೆಯಿಲ್ಲದ ಗೇಟು

ಮರುವರ್ಷ ಅಕ್ಕೋರು ಅದೇ ಅರ್ಜಿಯನ್ನು ಮತ್ತೆ ಬರೆದರು. ಈ ಸಲ ಹಿಡಿದದ್ದು ಕಿತ್ತೂರು ಕಡೆಯ ಒಬ್ಬ ಗುತ್ತಿಗೆದಾರರನ್ನು. ಸಂಡಾಸ ಒಳಗೆಲ್ಲೋ ಮೂಲೆಯಲ್ಲಿರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ ಎಂಬುದು ಅವರ ತಕರಾರು. ಅದರ ಬದಲು ಒಂದು ಕಮಾನು ಕಟ್ಟಿಸಿ, ಅದಕ್ಕೆ ಕಬ್ಬಿಣದ ಗೇಟು ಹಾಕಿಸಿದರು. ಕಮಾನಿನ ಮೇಲೆ ಶಾಲೆಯ ಹೆಸರು ಅಂಗೈಯಷ್ಟು, ಅವರ ತಾಯಿಯವರ ಹೆಸರು ಮೊಳದುದ್ದ. ಶಾಲೆಗೆ ಸುತ್ತಲೂ ಗೋಡೆ ಇರಲಿಲ್ಲ. ಬಯಲಿನ ನಡುವೆ ಗೇಟೊಂದೇ ನಿಂತಿತ್ತು.

ಸಮಾರಂಭದಲ್ಲಿ ಅವರು ಕೀಲಿಕೈಯನ್ನು ಹರಿವಾಣದಲ್ಲಿಟ್ಟು ಅಕ್ಕೋರಿಗೆ ಕೊಟ್ಟರು. ದನ ಒಳಗೆ ಬಂದರೆ ನೀವೇ ಜವಾಬ್ದಾರರು ಎಂದು ತಾಕೀತೂ ಮಾಡಿದರು. ಅಷ್ಟರಲ್ಲಿ ಹೊಲದ ಕಡೆಯಿಂದ ಒಂದು ಎಮ್ಮೆ ಬಂದು ವೇದಿಕೆಯ ಪಕ್ಕ ನಿಂತುಕೊಂಡಿತು. ನಾನು ಅವರ ಮುಖ ನೋಡಿದೆ.

"ನಮ್ಮ ಗೇಟಿನಿಂದ ಬಂದಿಲ್ಲಲ್ಲ," ಎಂದರು.

ತಂದೆಯವರ ಮರ್ಯಾದೆ

ಮೂರನೆಯ ವರ್ಷ ನನಗೆ ಸಿಟ್ಟು ನೆತ್ತಿಗೇರಿತ್ತು. ಯಾಕೆಂದರೆ ಆ ವರ್ಷ ಶಾಲೆ ಬಿಟ್ಟವರಲ್ಲಿ ಪರೀಕ್ಷೆಯಲ್ಲಿ ತರಗತಿಗೇ ಮೊದಲ ನಂಬರು ಬರುತ್ತಿದ್ದ ಹುಡುಗಿಯೂ ಇದ್ದಳು. ರಾಮದುರ್ಗದ ಒಬ್ಬ ಜಮೀನುದಾರರ ಮನೆಗೆ ಅಕ್ಕೋರನ್ನೂ ಕರೆದುಕೊಂಡೇ ಹೋದೆ. ಚಹಾ ಬಂತು, ಚೂಡಾ ಬಂತು. ಸಂಡಾಸ ಎಂಬ ಮಾತು ಬಂದಕೂಡಲೇ ಅವರು ಕಪ್ಪು ಕೆಳಗಿಟ್ಟರು.

"ನಮ್ಮಪ್ಪನ ಹೆಸರು ಸಂಡಾಸದ ಮ್ಯಾಲ ಬರೀತೀರೇನ್ರಿ?"

ಹೆಸರು ಬರೆಯುವುದೇ ಬೇಡ ಎಂದರು ಅಕ್ಕೋರು, ಮೆಲ್ಲಗೆ. ಜಮೀನುದಾರರಿಗೆ ಇದು ಮೊದಲಿನದಕ್ಕಿಂತ ದೊಡ್ಡ ಅವಮಾನವಾಗಿ ಕಂಡಿತು.

"ಹೆಸರಿಲ್ಲ ಅಂದಮ್ಯಾಲ ರೊಕ್ಕ ನಂದ್ಯಾಕ ಬೇಕ್ರಿ? ಯಾರದರ ತಗೋರಿ."

ವಂದನಾರ್ಪಣೆ

ಪ್ರತಿಷ್ಠಾನದ ವಾರ್ಷಿಕ ಸಭೆ ಎಂದರೆ ದಾನಿಗಳಿಗೆ ಶಾಲು ಹೊದಿಸುವ ಹಬ್ಬ. ಹೊದಿಸುವವರು ನಮ್ಮ ಅಧ್ಯಕ್ಷರು, ಹತ್ತಿ ವ್ಯಾಪಾರಿ. ಊರಿಗೆಲ್ಲ ದಾನದ ಮಹಿಮೆ ಹೇಳುವ ಅವರು ತಮ್ಮ ಕಿಸೆಗೆ ಕೈ ಹಾಕಿದ್ದನ್ನು ನಾನು ಕಂಡಿರಲಿಲ್ಲ. ಆ ವರ್ಷ ವಂದನಾರ್ಪಣೆಗೆ ನಾನು ಬೇಕೆಂದೇ ಅಕ್ಕೋರ ಹೆಸರು ಹಾಕಿದೆ. ಅವರು ಏನು ಹೇಳುತ್ತಾರೆಂದು, ದೇವರಾಣೆ, ನನಗೆ ಗೊತ್ತಿರಲಿಲ್ಲ.

ಅಕ್ಕೋರು ಫ್ಯಾನಿಗೆ ವಂದಿಸಿದರು, ಗೇಟಿಗೆ ವಂದಿಸಿದರು. ಆಮೇಲೆ, ಹುಡುಗಿಯರ ತಾಯಂದಿರೇ ಕೂಡಿ ಗುಂಡಿ ತೋಡಿದ್ದಾರೆ, ಹೊಳೆಯಿಂದ ಕಲ್ಲು ಹೊತ್ತು ಗೋಡೆ ಎಬ್ಬಿಸಿ ಸುಣ್ಣವನ್ನೂ ಬಳಿದಿದ್ದಾರೆ, ಇನ್ನು ಬಾಕಿ ಇರುವುದು ತಗಡು, ಬಾಗಿಲು ಮತ್ತು ನೀರಿನ ಟಾಕಿ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅದು ನಿಲ್ಲುವ ತನಕ ಅಕ್ಕೋರು ಕಾದರು.

"ಹೆಸರು ಬರಸೂದು ನಮ್ಮ ಕಡಿ ಪದ್ಧತಿ. ಕೊಟ್ಟವರು ಯಾರೂ ಇಲ್ಲ, ಗೋಡಿ ಬೆಳ್ಳಗ ಉಳದೈತಿ. ಅದಕ್ಕ ಯಾರ್ಯಾರು ಒಲ್ಲೆ ಅಂದ್ರೋ ಅವರ ಹೆಸರು ಬರಸಬೇಕಂತ ಮಾಡೇವಿ. ಪೇಂಟರಗ ಸೋಮವಾರ ಬಾ ಅಂದೇನಿ."

ಅಧ್ಯಕ್ಷರು ರಾಷ್ಟ್ರಗೀತೆ ಎಂದು ಸನ್ನೆ ಮಾಡಿದರು.

ಮರುದಿನ ರವಿವಾರ. ಸುದ್ದಿ ರಾತ್ರಿಯೇ ಊರೂರು ಮುಟ್ಟಿತ್ತು. ರಾಮದುರ್ಗದ ಮೊದಲ ಬಸ್ಸಿಗೇ ಜಮೀನುದಾರರು ನಮ್ಮ ಮನೆಗೆ ಬಂದರು. ತಗಡು ತಮ್ಮದೇ ಇರಲಿ ಎಂದರು. ರಸೀದಿ ಬರೆಯಲು ಹೋದರೆ ಕೈ ಹಿಡಿದುಕೊಂಡರು, ಎಲ್ಲಿಯೂ ಹೆಸರು ಬರಬಾರದು ಎಂದು ಆಣೆ ಹಾಕಿಸಿಕೊಂಡರು. ಫ್ಯಾನಿನವರು ಬಂದರು, ಗೇಟಿನವರು ಬಂದರು, ಬಾಗಿಲಿನ ಖರ್ಚು ಇಬ್ಬರೂ ಹಂಚಿಕೊಂಡರು. ಮೂರು ವರ್ಷ ಬಾಗಿಲು ತಟ್ಟಿದ್ದಕ್ಕೆ ಹುಟ್ಟದ ರೊಕ್ಕ ಮಧ್ಯಾಹ್ನದ ಊಟದೊಳಗೆ ಹುಟ್ಟಿತು. ಸಂತೋಷಕ್ಕಿಂತ ನನಗೆ ಸಿಟ್ಟೇ ಹೆಚ್ಚು ಬಂತು. ಆ ಜಾಣ ಹುಡುಗಿಯ ಮದುವೆ ಆಗಲೇ ಆಗಿಹೋಗಿತ್ತು.

ಎಲ್ಲರೂ ಹೋದ ಮೇಲೆ ಅಧ್ಯಕ್ಷರು ಬಂದರು. ಕೂತುಕೊಳ್ಳಿ ಎಂದರೂ ಕುಳಿತುಕೊಳ್ಳದೆ ಒಂದು ಲಕೋಟೆ ಮುಂದೆ ಹಿಡಿದು, ನೀರಿನ ಟಾಕಿ ನನ್ನದಿರಲಿ ಎಂದರು. ನಾನು ಕಕ್ಕಾಬಿಕ್ಕಿಯಾದೆ. ಅಕ್ಕೋರಾಗಲಿ ನಾನಾಗಲಿ ನಿಮ್ಮನ್ನು ಕೇಳಿಯೇ ಇಲ್ಲವಲ್ಲ ಎಂದೆ.

"ಕೇಳಿಲ್ಲ, ಖರೆ," ಎಂದರು. "ಆದ್ರ ಕೇಳಿದ್ರ ಒಲ್ಲೆ ಅಂತಿದ್ದೆ ಅನ್ನೂದು ಆ ಅಕ್ಕೋರಿಗೆ ಗೊತ್ತೈತಿ."